ಎಲ್ಲರಿಗೂ ಒಂದೇ ಚೂರು

ಐನ್ ಸಫ್ಸಾಫ್ ಊರಿನ ಹೆಂಗಸರು ಶನಿವಾರ ಮಧ್ಯಾಹ್ನ ನಜ್ಲಾಳ ಮನೆ ಕಡೆ ಹೋಗುತ್ತಿರಲಿಲ್ಲ. ಹೋದರೂ ಅವಳು ಬಾಯಿ ಬಿಡುತ್ತಿರಲಿಲ್ಲ. ಅದು ಅವಳು ಭಾನುವಾರದ ಪೂಜೆಯ ರೊಟ್ಟಿಗೆ ಹಿಟ್ಟು ನಾದುವ ಹೊತ್ತು. ಬೆಳಗಿನಿಂದ ಏನೂ ತಿನ್ನದೆ, ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು, ಹಿಟ್ಟು, ನೀರು, ಉಪ್ಪು, ಹಿಂದಿನ ವಾರ ಎತ್ತಿಟ್ಟ ಹುಳಿಹಿಟ್ಟು, ಇಷ್ಟನ್ನೇ ಕಲಸಿ ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದುವಳು. ಐದು ರೊಟ್ಟಿ. ಒಂದೊಂದರ ಮೇಲೂ ಆಕ್ರೋಡು ಮರದ ಅಚ್ಚು ಒತ್ತುವಳು. ಅಚ್ಚಿನಲ್ಲಿ ಒಂದು ಶಿಲುಬೆ, ಅದರ ಸುತ್ತ ಊರಲ್ಲಿ ಯಾರಿಗೂ ಓದಲು ಬಾರದ ಗ್ರೀಕ್ ಅಕ್ಷರ. ಹಿಟ್ಟು ಉಬ್ಬಿ ಗುರುತು ಕೆಡದಿರಲೆಂದು ಮುಳ್ಳಿನಿಂದ ಅಲ್ಲಲ್ಲಿ ಚುಚ್ಚಿ ಒಲೆಗೆ ಹಾಕುವಳು. ಆ ಅಚ್ಚು ಅವಳ ಅತ್ತೆಯದು, ಅತ್ತೆಗೆ ಅವಳ ಅತ್ತೆಯಿಂದ ಬಂದದ್ದು. ಒತ್ತಿ ಒತ್ತಿ ಅದರ ಹಿಡಿ ಹೆಬ್ಬೆರಳಿನ ಜಾಗದಲ್ಲಿ ಸವೆದು ಗುಳಿ ಬಿದ್ದಿತ್ತು.

ಅವಳ ಗಂಡ ಶುಕ್ರಿ ಕಲ್ಲುಕುಟಿಗ. ಇಗರ್ಜಿಯ ಮೆಟ್ಟಿಲು ಅವನು ಕಡಿದು ಕೂರಿಸಿದ್ದು. ಅವನು ತೀರಿಕೊಂಡು ಆರು ವರ್ಷವಾಗಿತ್ತು. ಆ ಕಡೆಯ ಹೆಂಗಸರನ್ನು ಮಗನ ಹೆಸರು ಹಿಡಿದು ಇಂಥವನ ತಾಯಿ, ಉಮ್ಮ್ ತೌಫೀಕ್, ಉಮ್ಮ್ ನಸೀಮ್ ಎಂದು ಕರೆಯುವುದು ವಾಡಿಕೆ. ಮಗನಿಲ್ಲದ ನಜ್ಲಾ ಬರೀ ನಜ್ಲಾ. ಅವಳಿಗೆ ಮಕ್ಕಳೇ ಆಗಲಿಲ್ಲವೆಂದು ಹೊಸಬರು ತಿಳಿದಿದ್ದರು, ಹಳಬರು ಮರೆತಿದ್ದರು.

ಆಗಿತ್ತು. ಮೂವತ್ತೆರಡು ವರ್ಷದ ಹಿಂದೆ ಒಂದು ಹೆಣ್ಣು ಹುಟ್ಟಿ ಒಂಬತ್ತು ದಿನ ಇತ್ತು. ಎಂಟನೆಯ ದಿನ ಮಗು ಹಾಲು ಬಿಟ್ಟಾಗ ಅಬೂನಾ ಇಸ್ತೀಫಾನ್ ಅವರನ್ನು ಓಡಿ ಕರೆತಂದರು. ಅಬೂನಾ ಎಂದರೆ ನಮ್ಮಪ್ಪ, ಪಾದ್ರಿಯನ್ನು ಎಲ್ಲರೂ ಕರೆಯುವುದೇ ಹಾಗೆ. ಅವರು ಅಡಿಗೆಮನೆಯ ತಾಮ್ರದ ಬೋಗುಣಿಯಲ್ಲೇ ನೀರು ಕಾಯಿಸಿ ದೀಕ್ಷಾಸ್ನಾನ ಮಾಡಿಸಿ ತೆಕ್ಲಾ ಎಂದು ಹೆಸರಿಟ್ಟರು. ಮಾರನೆಯ ದಿನ ಮಗು ಹೋಯಿತು. ನಲವತ್ತು ದಿನ ತುಂಬುವ ಮೊದಲೇ ಹೋದ ಕೂಸಿನ ಹೆಸರನ್ನು ಮನೆಯೊಳಗೆ ಎತ್ತಬಾರದು, ಎತ್ತಿದರೆ ಮುಂದಿನದನ್ನೂ ಅದು ಕರೆದುಕೊಂಡು ಹೋಗುತ್ತದೆ ಎಂದು ಅತ್ತೆ ಕಟ್ಟುನಿಟ್ಟು ಮಾಡಿದಳು. ಮುಂದಿನದು ಬರಲೇ ಇಲ್ಲ. ಅಷ್ಟರಲ್ಲಿ ನಾಲಿಗೆಗೆ ಅದೇ ಅಭ್ಯಾಸವಾಗಿಹೋಗಿತ್ತು. ನಜ್ಲಾ ಆ ಹೆಸರನ್ನು ತನ್ನ ಬಾಯಿಂದ ಒಮ್ಮೆಯೂ ಆಡಿರಲಿಲ್ಲ. ಶುಕ್ರಿಯೂ ಆಡದೆಯೇ ಸತ್ತ.

ಆದರೆ ಆ ಹೆಸರು ವಾರಕ್ಕೊಮ್ಮೆ ಕೇಳುತ್ತಿತ್ತು. ಪೂಜೆ ಶುರುವಾಗುವ ಮೊದಲು ಪಾದ್ರಿ ಸಂತರ ಪಟಗಳ ಗೋಡೆಯ ಹಿಂದೆ ನಿಂತು, ಅವಳ ರೊಟ್ಟಿಯಿಂದ ಸಣ್ಣ ಚಾಕುವಿನಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಚೂರು ಬಿಡಿಸಿ ತಟ್ಟೆಯಲ್ಲಿಡುತ್ತಾರೆ. ಬದುಕಿರುವವರದು ಒಂದು ಸಾಲು, ಸತ್ತವರದು ಒಂದು ಸಾಲು. ನಜ್ಲಾ ಬುಟ್ಟಿ ಕೊಟ್ಟು ಎಡಗಡೆಯ ಕಿರುಬಾಗಿಲ ಪರದೆಯ ಪಕ್ಕ ನಿಲ್ಲುವಳು. ಅಬೂನಾ ಇಸ್ತೀಫಾನ್ ಕಾಗದ ನೋಡುತ್ತಿರಲಿಲ್ಲ. ಮನೆಯಿಂದ ಮನೆಗೆ ನಡೆದುಹೋದಂತೆ ಊರಿನ ಸತ್ತವರನ್ನೆಲ್ಲ ಹೇಳಿಕೊಂಡು ಬರುವರು. ಶುಕ್ರಿಯ ಅಪ್ಪ, ಶುಕ್ರಿಯ ಅಮ್ಮ, ಶುಕ್ರಿ, ಆಮೇಲೆ "ನಿನ್ನ ದಾಸಿ ತೆಕ್ಲಾ." ಚಾಕುವಿನ ತುದಿ ತಟ್ಟೆಗೆ ತಾಗಿ ಟಿಣ್ಣೆನ್ನುವುದು. ನಜ್ಲಾ ಶಿಲುಬೆ ಗುರುತು ಹಾಕಿಕೊಂಡು ತನ್ನ ಜಾಗಕ್ಕೆ ಹೋಗಿ ನಿಲ್ಲುವಳು. ಅವಳ ವಾರ ಶುರುವಾಗುತ್ತಿದ್ದದ್ದು ಆ ಸದ್ದಿನಿಂದ.

ಆ ವರ್ಷ ಈಸ್ಟರ್ ಹಬ್ಬ ಕಳೆದ ಮೇಲೆ ಬಿಷಪರಿಂದ ಕಾಗದ ಬಂತು. ಅಬೂನಾ ಇಸ್ತೀಫಾನ್‌ಗೆ ಎಪ್ಪತ್ತಾರು ತುಂಬಿದೆ, ಪಟ್ಟಣದಲ್ಲಿರುವ ಮುದಿ ಪಾದ್ರಿಗಳ ಮನೆಗೆ ಬರತಕ್ಕದ್ದು. ಅವರು ಇದೇ ಊರಿನ ಮಗ, ಇಲ್ಲೇ ಮದುವೆಯಾಗಿ ಇಲ್ಲೇ ಹೆಂಡತಿಯನ್ನು ಮಣ್ಣು ಮಾಡಿದವರು; ಆ ಪಂಗಡದಲ್ಲಿ ಊರಿನ ಪಾದ್ರಿಗೆ ಮದುವೆ ಉಂಟು. ಕಾಗದವನ್ನು ಕಣ್ಣಿಗೊತ್ತಿಕೊಂಡು, ಜೇನುಪೆಟ್ಟಿಗೆಗಳನ್ನು ಊರ ಯಜಮಾನ ಮುಖ್ತಾರ್ ನಖ್ಲೆಗೆ ಒಪ್ಪಿಸಿ, ಸುತ್ತಿದ ಹಾಸಿಗೆಯೊಂದಿಗೆ ಬಸ್ಸು ಹತ್ತಿದರು.

ಅವರ ಜಾಗಕ್ಕೆ ಬಂದವರು ಅಬೂನಾ ರೊಮಾನೋಸ್. ವಯಸ್ಸು ಮೂವತ್ತೈದು, ಮಠದಲ್ಲಿ ಬೆಳೆದು ಹೊರದೇಶದಲ್ಲಿ ಓದಿದವರು. ಅವರನ್ನು ಕೆಟ್ಟವರೆಂದರೆ ಸುಳ್ಳಾದೀತು. ಹಾಸಿಗೆ ಹಿಡಿದವರ ಮನೆಗೆ ತಪ್ಪದೆ ಹೋಗುವರು. ಇಗರ್ಜಿಯ ಚಾವಣಿ ಸೋರಿದರೆ ತಾವೇ ಮೇಲೆ ಹತ್ತಿ ಸುಣ್ಣ ಮೆತ್ತುವರು. ಆದರೆ ಮೂರನೆಯ ಭಾನುವಾರ ಜನರ ಕಡೆ ತಿರುಗಿ ಒಂದು ಮಾತು ಹೇಳಿದರು. ಹೆಸರು ಓದುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ಮೊದಲು ಯಾರ ಅಜ್ಜನ ಹೆಸರು ಎಂದು ಎರಡು ಮನೆಯವರು ಮಾತು ಬಿಟ್ಟಿದ್ದಾರೆ. ಇನ್ನು ಮುಂದೆ ಬದುಕಿರುವವರಿಗೆಲ್ಲ ಒಂದು ಚೂರು, ಸತ್ತವರಿಗೆಲ್ಲ ಒಂದು ಚೂರು, ಸಾಕು.

ಜನ ಅಂಗಳಕ್ಕೆ ಬಂದು ಮುಖ ಮುಖ ನೋಡಿಕೊಂಡರು. ಪಕ್ಕದ ಮನೆಯ ಉಮ್ಮ್ ತೌಫೀಕ್ ಮಾತ್ರ ಸುಮ್ಮನಿರುವ ಹೆಂಗಸಲ್ಲ.

"ನಮ್ಮತ್ತೇನ ಉಮ್ಮ್ ನಸೀಮಳ ಅತ್ತೆ ಜೊತೆ ಒಂದೇ ಚೂರಲ್ಲಿ ತುರುಕ್ತಾರಂತೆ," ಎಂದಳು. "ಬದುಕಿದ್ದಾಗ ಒಂದು ಬೆಂಚಲ್ಲಿ ಕೂತೋರಲ್ಲ. ಸ್ವರ್ಗದಲ್ಲೂ ಜಗಳ ಹಚ್ಚೋಕೆ ಬಂದಿದಾನೆ ಈ ಪುಣ್ಯಾತ್ಮ."

ಎಲ್ಲರೂ ನಕ್ಕರು. ನಜ್ಲಾಗೆ ನಗು ಬರಲಿಲ್ಲ. ಮರುದಿನ ಅವಳು ಪಾದ್ರಿಯ ಮನೆ ಬಾಗಿಲಿಗೆ ಹೋಗಿ ನಿಂತಳು. ಅವರು ಎದ್ದು ಕುರ್ಚಿ ಕೊಟ್ಟರು, ಅವಳು ಕೂರಲಿಲ್ಲ. ಒಂದು ಹೆಸರು, ಒಂದೇ ಒಂದು ಹೆಸರು ಬೇರೆ ಹೇಳಬೇಕು ಎಂದು ಕೇಳಿದಳು. ಯಾರ ಹೆಸರೆಂದು ಹೇಳಲು ಹೋದಳು, ಬಾಯಿಗೆ ಬರಲಿಲ್ಲ. ಅವರು ಅದನ್ನು ನಾಚಿಕೆ ಎಂದುಕೊಂಡರು.

"ಅಮ್ಮಾ, ದೇವರಿಗೆ ಎಲ್ಲರ ಹೆಸರೂ ಗೊತ್ತು. ನಾನು ಹೇಳಿ ಗೊತ್ತಾಗಬೇಕಾ?"

"ದೇವರಿಗೆ ಗೊತ್ತು, ಅಬೂನಾ. ನನಗೆ ಕೇಳಬೇಕು."

ನಿಮಗೊಬ್ಬರಿಗೆ ಹೇಳಿದರೆ ಊರಿಗೆಲ್ಲ ಹೇಳಬೇಕಾಗುತ್ತದೆ, ನಿಯಮ ಎಂದರೆ ನಿಯಮ ಎಂದು ಅವರು ಮೆಲ್ಲಗೆ ಹೇಳಿ, ಅವಳನ್ನು ಮೆಟ್ಟಿಲವರೆಗೂ ಬಂದು ಬೀಳ್ಕೊಟ್ಟರು. ಅವರು ಗದರಿದ್ದರೆ ಅವಳಿಗೆ ಎದುರಾಡಲು ಏನಾದರೂ ಸಿಗುತ್ತಿತ್ತೇನೋ.

ಮುಖ್ತಾರ್ ನಖ್ಲೆ ಹದಿನಾಲ್ಕು ಗಂಡಸರನ್ನು ಲಾರಿಯಲ್ಲಿ ಕೂರಿಸಿಕೊಂಡು ಬಿಷಪರ ಮನೆಗೆ ಹೋದ. ನಜ್ಲಾಳೂ ಹೋಗಿ ಬಾಗಿಲ ಬಳಿ ಕೂತಳು. ಬಿಷಪರು ಎಲ್ಲರಿಗೂ ಕಾಫಿ ಕೊಡಿಸಿದರು, ಪೂರ್ತಿ ಕೇಳಿಸಿಕೊಂಡರು. ಹಳೆಯ ಪಾದ್ರಿಯನ್ನು ಊರಿಗೊಂದು ಮಾತು ಕೇಳದೆ ಎತ್ತಿಕೊಂಡು ಹೋದದ್ದು, ಸತ್ತವರ ಹೆಸರು ನಿಲ್ಲಿಸಿದ್ದು, ಎಲ್ಲವನ್ನೂ ಮುಖ್ತಾರ್ ಒಂದೊಂದಾಗಿ ಹೇಳಿದ. ಕೊನೆಗೆ ಬಿಷಪರು ಬಟ್ಟಲು ಕೆಳಗಿಟ್ಟರು.

"ನಿಮ್ಮ ಸತ್ತೋರಲ್ಲಿ ಯಾರು ಬಂದು ದೂರು ಕೊಟ್ಟರು, ಮುಖ್ತಾರ್?"

ಪಕ್ಕದಲ್ಲಿದ್ದ ಗುಮಾಸ್ತ ನಕ್ಕ. ಪಾದ್ರಿ ಹೇಳಿದ್ದನ್ನು ನಾನೇ ಹೇಳಿದ್ದೆಂದು ತಿಳಿಯಿರಿ ಎಂದು ಬಿಷಪರು ಎದ್ದರು. ಜನ ಸಾಲಾಗಿ ಅವರ ಉಂಗುರಕ್ಕೆ ಮುತ್ತಿಟ್ಟು ಹೊರಗೆ ಬಂದರು. ಲಾರಿಯಲ್ಲಿ ಬರುವಾಗ ಆ ನಗು ಎಲ್ಲರ ಮೈಯನ್ನೂ ಕೊರೆಯುತ್ತಿತ್ತು. ಊರು ಮುಟ್ಟುವಷ್ಟರಲ್ಲಿ ತೀರ್ಮಾನವಾಗಿತ್ತು. ಹೆಸರು ವಾಪಸು ಬರುವವರೆಗೆ ಯಾರೂ ಇಗರ್ಜಿಯ ಹೊಸ್ತಿಲು ದಾಟಬಾರದು.

ಶನಿವಾರ ಬೆಳಿಗ್ಗೆ ಮುಖ್ತಾರ್ ನಜ್ಲಾಳ ಮನೆಗೆ ಬಂದ.

"ನಜ್ಲಕ್ಕ, ಅಚ್ಚು ಕೊಡು."

"ಅಚ್ಚು ಯಾಕೆ?"

"ಅಚ್ಚಿಲ್ಲದ ರೊಟ್ಟಿ ಪೂಜೆಗೆ ಆಗಲ್ಲ. ರೊಟ್ಟಿ ಇಲ್ಲದೆ ಪೂಜೆ ಹೇಗೆ ಮಾಡ್ತಾರೋ ನೋಡೋಣ. ಹದಿನೈದು ದಿನಕ್ಕೆ ಬಿಷಪರೇ ಇಲ್ಲಿಗೆ ಬರ್ತಾರೆ."

ಅವಳಿಗೆ ಯೋಚಿಸಲು ಹೊತ್ತೇ ಸಿಗಲಿಲ್ಲ. ಕೊಟ್ಟರೆ ಪೂಜೆಯೇ ಇಲ್ಲ. ಕೊಡದಿದ್ದರೆ ಊರಿಗೆ ದ್ರೋಹ, ಜೊತೆಗೆ ಕೇಳುವುದು ಆ ಒಂದೇ ಚೂರಿನ ಮಾತು. ತೆಕ್ಲಾಳ ಹೆಸರಿಗಾಗಿ ತನಗಿಂತ ದೊಡ್ಡ ಗಂಟಲಿನವರು ಹೋರಾಡುತ್ತಿದ್ದಾರೆ ಎಂದೂ ಅನ್ನಿಸಿತು. ಅಚ್ಚನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಮುಖ್ತಾರ್ ಅದನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

ಭಾನುವಾರ ಊರೆಲ್ಲ ಇಗರ್ಜಿಯ ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಬಾಗಿಲಿಗೆ ಬೆನ್ನು ಮಾಡಿ ನಿಂತಿತು. ಬೆಳಗಿನ ಬಸ್ಸು ಬಂತು. ಚಾಲಕ ಇಳಿದು ಒಂದು ತಗಡಿನ ಡಬ್ಬಿಯನ್ನು ಪಾದ್ರಿಯ ಕೈಗೆ ಕೊಟ್ಟು ಹೋದ. ಪಟ್ಟಣದ ಕನ್ಯಾಸ್ತ್ರೀಯರು ಮಾಡಿದ ರೊಟ್ಟಿ. ಅವರ ಬಳಿಯೂ ಅಚ್ಚು ಇರುತ್ತದೆ ಎಂಬುದು ಹದಿನಾಲ್ಕು ಗಂಡಸರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಐನ್ ಸಫ್ಸಾಫ್‌ನವರಿಗೆ ರೊಟ್ಟಿ ಎಂದರೆ ನಜ್ಲಾಳ ರೊಟ್ಟಿ, ಅಚ್ಚು ಎಂದರೆ ಆ ಅಚ್ಚು. ಒಳಗೆ ಪಾದ್ರಿ ಒಬ್ಬರೇ ಹಾಡಿ ಒಬ್ಬರೇ ಉತ್ತರ ಹೇಳಿ ಪೂಜೆ ಮುಗಿಸಿದರು.

ಏಳು ಭಾನುವಾರ ಹೀಗೇ ನಡೆಯಿತು. ಎಂಟನೆಯ ವಾರ ಬಿಷಪರ ಕಾಗದ ಬಾಗಿಲಿಗೆ ಅಂಟಿತು. ಪಾದ್ರಿಯನ್ನು ಪಟ್ಟಣಕ್ಕೆ ಕರೆಸಿಕೊಳ್ಳಲಾಗಿದೆ. ಊರಿನವರು ಬರಹದಲ್ಲಿ ಕ್ಷಮೆ ಕೇಳುವವರೆಗೆ ಇಗರ್ಜಿ ಮುಚ್ಚಿರುತ್ತದೆ. ಬೀಗದ ಕೈಯೂ ಪಟ್ಟಣಕ್ಕೆ ಹೋಯಿತು. ಈಗ ನಿಲ್ಲಲು ಕಿರುಬಾಗಿಲೂ ಇಲ್ಲ, ಪರದೆಯೂ ಇಲ್ಲ.

ನಜ್ಲಾ ಯಾರಿಗೂ ಹೇಳದೆ ಬಸ್ಸು ಹತ್ತಿ ಮುದಿ ಪಾದ್ರಿಗಳ ಮನೆಗೆ ಹೋದಳು. ಒಂದು ಬಟ್ಟೆಯಲ್ಲಿ ಬೆಳಿಗ್ಗೆ ಸುಟ್ಟ ರೊಟ್ಟಿ, ಸ್ವಲ್ಪ ಆಲಿವ್ ಕಾಯಿ ಕಟ್ಟಿಕೊಂಡಿದ್ದಳು. ಅಬೂನಾ ಇಸ್ತೀಫಾನ್ ಕಿಟಕಿಯ ಪಕ್ಕ ಕೂತಿದ್ದರು. ಸೊರಗಿಹೋಗಿದ್ದರು, ನಿಲುವಂಗಿ ಬೇರೆಯವರದ್ದನ್ನು ತೊಟ್ಟಂತೆ ಕಾಣುತ್ತಿತ್ತು. ಜೇನುಪೆಟ್ಟಿಗೆ ಹೇಗಿವೆ ಎಂದರು. ಮುಖ್ತಾರನನ್ನು ಎರಡು ಸಲ ಕಚ್ಚಿವೆ ಎಂದಾಗ ಅವರ ಗಡ್ಡ ನಗುವಿಗೆ ಅಲುಗಾಡಿತು. ಅವಳು ಬಂದ ಕಾರಣ ಹೇಳಲಿಲ್ಲ. ಅವರಿಗೆ ಹೇಳಬೇಕಾಗಿಯೂ ಇರಲಿಲ್ಲ.

"ತೆಕ್ಲಾ," ಎಂದರು.

ಅವಳು ತಲೆ ತಗ್ಗಿಸಿದಳು. ಪೂಜೆಯಲ್ಲಿ ಹೇಳಿ ಅಬೂನಾ, ನೀವು ಎಲ್ಲಿ ಮಾಡಿದರೂ ಸರಿ, ಇಲ್ಲೇ ಮಾಡಿ, ನಾನು ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತೇನೆ ಎಂದಳು.

"ನನಗೆ ಬಲಿಪೀಠ ಇಲ್ಲ ಮಗಳೇ. ಐನ್ ಸಫ್ಸಾಫ್‌ನವರ ಗಲಾಟೆ ಮುಗಿಯೋವರೆಗೂ ಪೂಜೆ ಮಾಡಬಾರದು ಅಂತ ಹೇಳಿದಾರೆ. ನಾನೇ ನಿಮಗೆ ಹೇಳಿಕೊಟ್ಟೆ ಅಂತ ಅವರ ಲೆಕ್ಕ."

"ನೀವು ಹೇಳಿಕೊಟ್ಟಿಲ್ವಲ್ಲ."

"ಇಲ್ಲ. ಆದ್ರೆ ವಿಧೇಯನಾಗಿರ್ತೀನಿ ಅಂತ ಮಾತು ಕೊಟ್ಟು ಐವತ್ತು ವರ್ಷ ಆಯ್ತು."

ಮೇಜಿನ ಮೇಲೆ ಅವಳು ತಂದ ರೊಟ್ಟಿ ಬಿಚ್ಚಿಟ್ಟಿತ್ತು. ಮುದುಕರ ಕೈ ತನ್ನಷ್ಟಕ್ಕೆ ಅದರ ಕಡೆ ಹೋಯಿತು. ಹೆಬ್ಬೆರಳು, ತೋರುಬೆರಳು ಸೇರಿಸಿ ಅಂಚಿನಿಂದ ಒಂದು ಚೂರು ಚಿವುಟಿದರು. ಅವಳು ಶಿಲುಬೆ ಗುರುತು ಹಾಕಿಕೊಳ್ಳಲು ಕೈ ಎತ್ತಿದಳು. ಅವರು ಆ ಚೂರನ್ನೇ ನೋಡಿದರು, ಆಮೇಲೆ ಮತ್ತೆ ರೊಟ್ಟಿಯ ಪಕ್ಕದಲ್ಲೇ ಇಟ್ಟರು.

"ಇದು ಬರೀ ರೊಟ್ಟಿ, ನಜ್ಲಾ," ಎಂದರು. ಅವರ ಕಣ್ಣು ತುಂಬಿತ್ತು. ಸಮಾಧಾನ ಹೇಳಬೇಕಾದವಳು ಅವಳೇ ಆದಳು.

ಮನೆಗಳ ಮಾಳಿಗೆಯ ಮೇಲೆ ದ್ರಾಕ್ಷಿ ಒಣಗುವ ಕಾಲಕ್ಕೆ ಮುಖ್ತಾರ್ ನಖ್ಲೆಯ ತಾಯಿ ತೀರಿಕೊಂಡಳು. ತೊಂಬತ್ತರ ಹತ್ತಿರದ ಮುದುಕಿ, ಬೆಳಿಗ್ಗೆ ಕಾಫಿ ಕೇಳಿ ಕುಡಿಯುವ ಮೊದಲೇ ಹೋದಳು. ಹೆಣವನ್ನು ಮಾರನೆಯ ದಿನದೊಳಗೆ ಮಣ್ಣು ಮಾಡಬೇಕು. ಗಂಟೆಯ ಹಗ್ಗ ಬೀಗದ ಒಳಗೆ, ಪಾದ್ರಿ ಪಟ್ಟಣದಲ್ಲಿ. ಪಾದ್ರಿಯಿಲ್ಲದೆ ಹೂಳಲು ಅವನ ಅಕ್ಕತಂಗಿಯರು ಬಿಡಲಿಲ್ಲ. ಮುಖ್ತಾರ್ ಗೋಡೆಗೊರಗಿ ಕೂತು ಕ್ಷಮೆಯ ಕಾಗದವನ್ನು ತಾನೇ ಬರೆದ. ಕಾಗದ ಮನೆ ಮನೆಗೂ ಬಂತು. ಎಲ್ಲರೂ ರುಜು ಹಾಕಿದರು. ಉಮ್ಮ್ ತೌಫೀಕಳೂ ಹಾಕಿದಳು. ನಜ್ಲಾ ಶಾಯಿಗೆ ಹೆಬ್ಬೆರಳು ಅದ್ದಿ, ತೋರಿಸಿದ ಜಾಗದಲ್ಲಿ ಒತ್ತಿದಳು.

ಸಂಜೆಗೆ ಅಬೂನಾ ರೊಮಾನೋಸ್ ಬಂದರು. ಒಂದು ಚುಚ್ಚುಮಾತಾಡಲಿಲ್ಲ. ಮಾರನೆಯ ದಿನ ಶವಸಂಸ್ಕಾರದ ಹಾಡುಗಳಲ್ಲಿ ಒಂದು ಸಾಲನ್ನೂ ಬಿಡದೆ ಹಾಡಿದರು. ಮುದುಕಿಯ ಹೆಸರನ್ನು ಎಷ್ಟು ಸಲ ಹೇಳಬೇಕೋ ಅಷ್ಟು ಸಲ ಹೇಳಿದರು. ಹೊಸದಾಗಿ ಸತ್ತವರ ಹೆಸರು ಹೇಳುವುದಿಲ್ಲವೆಂದು ಅವರೇನೂ ಅಂದಿರಲಿಲ್ಲವಲ್ಲ.

ಮೂರನೆಯ ದಿನ ಮುಖ್ತಾರ್ ಬಿಳಿ ಬಟ್ಟೆಯ ಗಂಟು ಹಿಡಿದು ನಜ್ಲಾಳ ಹೊಸ್ತಿಲ ಹೊರಗೇ ನಿಂತ.

"ಅಮ್ಮನ್ನ ಅಂಗಳದಲ್ಲೇ ಇಟ್ಕೊಳ್ಳೋಕೆ ಆಗ್ತಿತ್ತಾ, ನಜ್ಲಕ್ಕ?"

"ಆಗ್ತಿರಲಿಲ್ಲ."

"ನೀನಾದ್ರೂ ಬಯ್ಯಿ."

"ಬೈದು ಏನ್ ಮಾಡಲಿ. ಒಳಗೆ ಬಾ, ಕಾಫಿ ಇದೆ."

ಅವನು ಒಳಗೆ ಬರಲಿಲ್ಲ, ಅಚ್ಚನ್ನು ಅವಳ ಕೈಗಿಟ್ಟು ಹೋದ.

ಶನಿವಾರ ಅವಳು ತಲೆಗೆ ವಸ್ತ್ರ ಕಟ್ಟಿ ನಾದಿದಳು. ಹಳೆಯ ಹುಳಿಹಿಟ್ಟು ಕೆಟ್ಟುಹೋಗಿತ್ತು, ಉಮ್ಮ್ ತೌಫೀಕಳಿಂದ ಈಸಿಕೊಂಡಳು. ಭಾನುವಾರ ಪಾದ್ರಿ ತಾವೇ ಬಂದು ಬುಟ್ಟಿ ತೆಗೆದುಕೊಂಡರು. "ಅಮ್ಮಾ, ಇಂಥ ರೊಟ್ಟಿ ಪಟ್ಟಣದಲ್ಲೂ ಸಿಗಲ್ಲ," ಎಂದರು. ಮನಸ್ಸಿಟ್ಟೇ ಹೇಳಿದರು.

ಅವಳು ಕಿರುಬಾಗಿಲ ಪರದೆಯ ಪಕ್ಕ ನಿಂತಳು. ಪಾದ್ರಿ ಹೇಳುವುದಿಲ್ಲವಾದರೆ ತಾನೇ ಹೇಳುವುದು, ಸಣ್ಣ ದನಿಯಲ್ಲಿ, ಚಾಕು ಮುಟ್ಟುವ ಹೊತ್ತಿಗೆ ಸರಿಯಾಗಿ, ಎಂದು ಮೂರು ದಿನದಿಂದ ಅಂದುಕೊಂಡಿದ್ದಳು. ಒಳಗೆ ಬದುಕಿರುವವರ ಚೂರು ತಟ್ಟೆ ಸೇರಿತು. "ನಮಗಿಂತ ಮೊದಲು ಮಲಗಿದವರೆಲ್ಲರ ಸಲುವಾಗಿ," ಎಂದರು ಪಾದ್ರಿ. ಅವಳು ಬಾಯಿ ತೆರೆದಳು. ನಾಲಿಗೆ ಹಲ್ಲಿನವರೆಗೆ ಬಂತು. ಆ ಹೆಸರು ಅವಳ ಕಿವಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಚಾಕುವಿನ ತುದಿ ತಟ್ಟೆಗೆ ತಾಗಿ ಟಿಣ್ಣೆಂದಿತು, ಒಂದೇ ಸಲ. ಅಷ್ಟರಲ್ಲಿ ಹಾಡು ಶುರುವಾಯಿತು.

ಪೂಜೆ ಮುಗಿದ ಮೇಲೆ ಖಾಲಿ ಬುಟ್ಟಿ ತೆಗೆದುಕೊಂಡು ಮನೆಗೆ ಬಂದಳು. ಬುಟ್ಟಿಯ ಬಟ್ಟೆಯನ್ನು ಮೆಟ್ಟಿಲ ಮೇಲೆ ಕೊಡವಿದಾಗ ನಾಲ್ಕು ಪುಡಿ ಬಿದ್ದವು. ಗುಬ್ಬಿಗಳು ಬಂದು ಹೆಕ್ಕಿಕೊಂಡು ಹೋಗುವವರೆಗೂ ಅವಳು ಅಲ್ಲೇ ಕೂತಿದ್ದಳು.