ಕ್ಯಾತಣ್ಣನ ಎಂಟು ಗೇಣು

ಕ್ಯಾತಣ್ಣ ನೆಟ್ಟಗೆ ಕೂತಿದ್ದನ್ನು ನಾನು ನೋಡಿಲ್ಲ. ಊರವರು ಕೂರುವ ಜಾಗಕ್ಕೆಲ್ಲ ಬಟ್ಟೆ ತೊಡಿಸುವ ಮನುಷ್ಯ, ತಾನು ಮಾತ್ರ ಮಿಷನ್ ಮುಂದಿನ ಸ್ಟೂಲಿನ ಮೇಲೆ ಹತ್ತು ನಿಮಿಷ ಕೂರಲಾರ. ನಾಲ್ಕು ಹೊಲಿಗೆ ಹಾಕುತ್ತಾನೆ, ಎದ್ದು ಬಾಗಿಲಿಗೆ ಬರುತ್ತಾನೆ, ರಸ್ತೆಯ ಎರಡೂ ಕಡೆ ನೋಡುತ್ತಾನೆ, ಟೀ ಅಂಗಡಿಗೆ ಹೋಗಿ ಅರ್ಧ ಲೋಟ ಕುಡಿದು ಉಳಿದದ್ದನ್ನು ಅಲ್ಲೇ ಬಿಟ್ಟು ಬರುತ್ತಾನೆ. ಚಳ್ಳಕೆರೆ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನನ್ನ ಬ್ಲೌಸ್ ಅಂಗಡಿಗೂ ಅವನ ಸೋಫಾ ಕವರ್ ಅಂಗಡಿಗೂ ನಡುವೆ ಇರುವುದು ಒಂದೇ ತಗಡಿನ ಗೋಡೆ. ಅವನ ಮಿಷನ್ ಸದ್ದು ನಿಂತು ನಿಂತು ಬರುವುದನ್ನು ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ನನ್ನ ತಲೆ ಕೆಟ್ಟಿದೆ.

ಅವನ ಊರು ಗೌರಸಮುದ್ರ. ಹದಿನೈದನೇ ವಯಸ್ಸಿಗೆ ಚಳ್ಳಕೆರೆಗೆ ಬಂದು ಲಾರಿ ಸೀಟು ಹೊಲಿಯಲು ಸೇರಿದನಂತೆ. ಆಮೇಲೆ ಟ್ರ್ಯಾಕ್ಟರ್ ಟಾಪು, ಆಟೋ ಸೀಟು. ಮನೆಮನೆಗೆ ಸೋಫಾ ಬಂದವು, ಬಂದ ಸೋಫಾಗಳು ಹಳೆಯವಾದವು, ಕ್ಯಾತಣ್ಣ ಕವರ್ ಹೊಲಿಯತೊಡಗಿದ. ಈಗ ಅರವತ್ತಕ್ಕೆ ಎರಡು ಕಡಿಮೆ. ಹೆಂಡತಿ ಇದ್ದಾಳೆ, ಮಗಳನ್ನು ಹಿರಿಯೂರಿಗೆ ಕೊಟ್ಟಿದ್ದಾನೆ, ಮೀಸೆಗೆ ತಪ್ಪದೆ ಬಣ್ಣ ಹಚ್ಚುತ್ತಾನೆ.

ನನಗೂ ಅವನಿಗೂ ಜಗಳ ಒಂದೇ ವಿಷಯಕ್ಕೆ. ಅವನು ಟೇಪು ಮುಟ್ಟುವುದಿಲ್ಲ. ಹೆಬ್ಬೆರಳು, ಕಿರುಬೆರಳು ಅಗಲಿಸಿ ಗೇಣು ಹಾಕುತ್ತಾನೆ. ಗಿರಾಕಿ ಮನೆಗೆ ಹೋಗಿ ಸೋಫಾದ ಬೆನ್ನು ಇಷ್ಟು ಗೇಣು, ತೋಳು ಇಷ್ಟು ಗೇಣು ಅಂತ ಅಳೆಯುತ್ತಾನೆ. ಬರೆದುಕೊಳ್ಳುವುದೂ ಇಲ್ಲ, ಎಲ್ಲ ತಲೆಯಲ್ಲೇ. ಅಂಗಡಿಗೆ ಬಂದು ಅದೇ ಗೇಣಿನಲ್ಲಿ ಬಟ್ಟೆ ಅಳೆದು ಕತ್ತರಿ ಹಾಕುತ್ತಾನೆ. "ಟೇಪು ಜಗ್ಗಿದ್ರೆ ಉದ್ದ ಆಗ್ತೈತೆ ಕಣಕ್ಕ, ಗೇಣು ಆಗಲ್ಲ. ದೇವ್ರು ಕೊಟ್ಟಿದ್ದು," ಅನ್ನುವುದು ಅವನ ವಾದ. "ದೇವ್ರು ಒಬ್ಬೊಬ್ರಿಗೆ ಒಂದೊಂದು ಅಳತೆ ಕೊಟ್ಟವ್ನೆ, ಅದಕ್ಕೆ ಟೇಪು ಬಂದಿದ್ದು," ಅನ್ನುವುದು ನನ್ನದು. ನಾನು ಹೆಂಗಸರ ಬೆನ್ನು, ತೋಳು ಅಳೆಯುವವಳು. ಅವನು ಸೋಫಾದ ಬೆನ್ನು, ತೋಳು ಅಳೆಯುವವನು. ನನ್ನ ಗಿರಾಕಿಗಳು ವರ್ಷವರ್ಷಕ್ಕೆ ದಪ್ಪ ಆಗುತ್ತಾರೆ, ಸೋಫಾ ಆಗುವುದಿಲ್ಲ. ವ್ಯತ್ಯಾಸ ಅಷ್ಟೇ.

ಇನ್ನೊಂದು ಚಾಳಿ ಇದೆ ಅವನಿಗೆ. ಸೋಫಾ ಬಟ್ಟೆ ಉದ್ದ, ಮಿಷನ್ ಕಾಲಡಿಯಲ್ಲಿ ಜಾರುತ್ತದೆ. ಅದಕ್ಕೆ ಅಂಚಿನ ಉದ್ದಕ್ಕೂ ಗೇಣಿಗೊಂದು ಕೆಂಪು ದಾರದ ಗಂಟು ಹಾಕಿಕೊಂಡು, ಗಂಟಿಗೆ ಗಂಟು ಕೂಡಿಸಿ ಹೊಲಿಯುತ್ತಾನೆ. ಬೇರೆಯವರಾದರೆ ಕೆಲಸ ಮುಗಿದ ಮೇಲೆ ಗುರುತಿನ ದಾರ ಕಿತ್ತು ಬಿಸಾಡುತ್ತಾರೆ. ಇವನು ಬಿಡುತ್ತಾನೆ. ಮಡಿಕೆಯ ಒಳಗೆ ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಬೇಸಿಗೆ ಶುರುವಾದ ಮೇಲೆ ಒಂದೇ ತಿಂಗಳಲ್ಲಿ ಮೂರು ಕವರ್ ವಾಪಸ್ ಬಂದವು. ಮೂರೂ ಹಳೇ ಗಿರಾಕಿಗಳವು, ತಲೆಯಲ್ಲಿದ್ದ ಹಳೇ ಅಳತೆಗೇ ಹೊಲಿದವು. ಮೂರೂ ಗಿಡ್ಡ. ಮೊದಲನೆಯದಕ್ಕೆ ಗಿರಾಕಿಯ ಸೋಫಾ ಸೊಟ್ಟಗಿದೆ ಅಂದ. ಎರಡನೆಯದಕ್ಕೆ ಬಟ್ಟೆ ಕೊಟ್ಟ ಸೇಟುವಿನ ಮೇಲೆ ಹರಿಹಾಯ್ದ. ಮೂರನೆಯದಕ್ಕೆ ಬಿಸಿಲಿಗೆ ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಕ್ಯಾತಣ್ಣ ಮಾತ್ರ ಕವರ್ ಇದ್ದಷ್ಟು ಸೋಫಾ ಚಾಚಲಿ ಅಂತಾನೆ ಎಂದು ನಾನು ಗಲ್ಲಿಗೆಲ್ಲ ಕೇಳುವ ಹಾಗೆ ಆಡಿಕೊಂಡೆ. ಯಾವತ್ತೂ ತಿರುಗಿ ಒಂದಕ್ಕೆ ಎರಡು ಅನ್ನುವವನು ಆವತ್ತು ಕತ್ತರಿ ಕೆಳಗಿಟ್ಟ. ಎದ್ದು ಟೀ ಅಂಗಡಿಗೆ ಹೋದ. ಆ ದಿನ ಎಂಟು ಸಲ ಹೋದ.

ಅಷ್ಟರಲ್ಲಿ ಬಿ.ಜಿ. ಕೆರೆಯ ಗೀತಮ್ಮ ಟೀಚರ್ ಫೋನ್ ಮಾಡಿದರು. ನಿವೃತ್ತರಾಗಿ ಆರು ವರ್ಷ ಆಗಿದೆ. ನನಗೆ ಬ್ಲೌಸಿನ ಗಿರಾಕಿ, ಅವನಿಗೆ ಸೋಫಾ ಗಿರಾಕಿ. ಭಾನುವಾರ ಮಗಳ ಸೀಮಂತ, ಬೀಗರು ಬರುತ್ತಾರೆ, ಸೋಫಾದ ರೆಗ್ಜಿನ್ ಹರಿದು ಹತ್ತಿ ಕಾಣುತ್ತಿದೆ, ಅಷ್ಟರೊಳಗೆ ಹೊಸ ಕವರ್ ಬೇಕು ಅಂದರು. ಹೊಸ ಸೋಫಾ ತಗೊಳ್ಳಿ ಅಂತ ಮಗಳು ಹೇಳಿದರೆ, ತೇಗದ ಚೌಕಟ್ಟು ಕೊಟ್ಟು ರಟ್ಟಿನದು ತರಲೇನು ಅಂತ ಬೈದರಂತೆ.

"ಅಳತೆಗೆ ಹೋಗಲ್ವೇನಣ್ಣ?" ಅಂದೆ.

"ಟೀಚರಮ್ಮನ ಸೋಫಾಕ್ಕೆ ಅಳತೆ ಬೇರೆನಾ? ಹದ್ನೆಂಟು ವರ್ಸದ ಹಿಂದೆ ನಾನೇ ಹೊಲ್ದಿದ್ದು. ಬೆನ್ನು ಎಂಟು ಗೇಣು, ತೋಳು ಮೂರು. ತಲೇಲೈತೆ."

ಬಟ್ಟೆಯ ಥಾನು ಬಿಚ್ಚಿ ಮೇಜಿನ ಮೇಲೆ ಹಾಸಿದ. ನಾನು ದಾರ ಕೇಳುವ ನೆಪದಲ್ಲಿ ಬಾಗಿಲಲ್ಲಿ ನಿಂತಿದ್ದೆ. ಗೇಣು ಹಾಕಿದ. ಹೆಬ್ಬೆರಳು ತೆರೆದುಕೊಳ್ಳಲಿಲ್ಲ. ನಲವತ್ತು ವರ್ಷ ದಪ್ಪ ರೆಗ್ಜಿನ್ ಕತ್ತರಿಸಿದ ಕೈ, ಹೆಬ್ಬೆರಳಿನ ಬುಡ ಊದಿ ಗಂಟು ಕಟ್ಟಿತ್ತು. ಎಡಗೈಯಿಂದ ಆ ಬೆರಳನ್ನು ಹಿಂದಕ್ಕೆ ಒತ್ತಿ ಹಿಡಿದ, ಮುಖ ಕಿವುಚಿದ, "ಒಂದು" ಅಂದ. ಮತ್ತೆ ಒತ್ತಿದ, "ಎರಡು" ಅಂದ. ನಾನು ದಾರ ತೆಗೆದುಕೊಳ್ಳದೆ ವಾಪಸ್ ಬಂದೆ.

ಹೇಳಬೇಕಿತ್ತು. ಬೇರೆ ದಿನ ಅವನ ಒಂದು ಹೊಲಿಗೆ ಸೊಟ್ಟಗಾದರೂ ಗೋಡೆ ದಾಟಿ ಹೋಗಿ ಹೇಳುವ ಬಾಯಿ ನನ್ನದು. ಆವತ್ತು ಬಾಯಿ ಬರಲಿಲ್ಲ. ಆ ಕೈಯ ಜೊತೆ ಇಪ್ಪತ್ತು ವರ್ಷ ವಾದ ಮಾಡಿದ್ದೆ, ಆದರೆ ಇಂಥ ಗೆಲುವು ನನಗೆ ಬೇಕಿರಲಿಲ್ಲ. ಎರಡು ದಿನ ತಗಡಿನ ಆಚೆ ಮಿಷನ್ ಓಡುವುದು, ನಿಲ್ಲುವುದು, ಚಪ್ಪಲಿ ಸದ್ದು ಹೊರಗೆ ಹೋಗುವುದು ಕೇಳುತ್ತಾ ನಾನೂ ಒಂದು ಬ್ಲೌಸಿನ ತೋಳು ಎರಡು ಸಲ ಬಿಚ್ಚಿದೆ.

ಶುಕ್ರವಾರ ಅವನು ಕವರ್ ಗಂಟು ಹೊತ್ತು ಹೊರಟಾಗ ನನ್ನ ಬ್ಲೌಸ್ ಚೀಲ ಹಿಡಿದು ನಾನೂ ಬಸ್ ಹತ್ತಿದೆ. ಬಸ್ಸಿನಲ್ಲಿ ಸೀಟಿತ್ತು, ಅವನು ಕೂರಲಿಲ್ಲ. ತಳಕು ದಾಟುವವರೆಗೂ ಕಂಬಿ ಹಿಡಿದು ನಿಂತು ಬಲಗೈ ಮುಷ್ಟಿ ಬಿಗಿದು ಬಿಡುತ್ತಿದ್ದ.

"ಕೈಗೇನಾಗೈತಣ್ಣ?" ಅಂದೆ.

"ಏನಾಗೈತೆ? ಏನೂ ಇಲ್ಲ," ಅಂದು ಕೈಯನ್ನು ಜೇಬಿಗೆ ಹಾಕಿಕೊಂಡ.

ಗೀತಮ್ಮನವರ ಪಡಸಾಲೆಯಲ್ಲಿ ಕವರ್ ಬಿಚ್ಚಿದ. ಮೆರೂನ್ ಬಣ್ಣ, ಒಳ್ಳೆ ಬಟ್ಟೆ, ಹೊಲಿಗೆಯಂತೂ ಸೂಜಿ ಮೊನೆಯಷ್ಟೂ ಆಚೀಚೆ ಇಲ್ಲ. ಎಡಗಡೆಯಿಂದ ತೊಡಿಸಿಕೊಂಡು ಬಂದ. ಬಲಗಡೆ ಮೂಲೆಗೆ ಬರುವಾಗ ನಾಲ್ಕು ಬೆರಳು ಸಾಲಲಿಲ್ಲ. ಜಗ್ಗಿದ. ಮೊಣಕಾಲು ಊರಿ ಜಗ್ಗಿದ. ಹರಿದ ರೆಗ್ಜಿನ್ ಹಲ್ಲು ಕಿರಿದುಕೊಂಡು ಹಾಗೇ ಇತ್ತು.

"ಒಳಗೆ ಫೋಮ್ ಉಬ್ಬೈತ್ರಿ ಟೀಚರಮ್ಮ," ಅಂದ.

"ಹದಿನೆಂಟು ವರ್ಷ ಕೂತು ಕೂತು ತಗ್ಗು ಬಿದ್ದೈತೆ. ಉಬ್ಬೋದೆಲ್ಲಿಂದ ಬಂತು ಕ್ಯಾತಣ್ಣ?" ಅಂದರು ಗೀತಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಭಾನುವಾರದ ಚಿಂತೆ ಇತ್ತು.

"ಹಂಗಾದ್ರೆ ಬಟ್ಟೆ. ಆ ಸೇಟು ಕುಗ್ಗೋ ಮಾಲು ಕೊಟ್ಟವ್ನೆ."

ನನಗೆ ತಡೆಯಲಾಗಲಿಲ್ಲ. "ನೀರೇ ಕಂಡಿಲ್ಲ ಬಟ್ಟೆ, ಕುಗ್ಗೋದು ಹೆಂಗಣ್ಣ?"

ಅವನು ನನ್ನ ಕಡೆ ಒಂದು ನೋಟ ನೋಡಿದ. ಸಿಟ್ಟಲ್ಲ ಅದು. ಹೇಳಬೇಡ ಅನ್ನುವ ಹಾಗಿತ್ತು. ಗೊತ್ತಿತ್ತು ಅವನಿಗೆ. ತಿಂಗಳಿಂದ ಗೊತ್ತಿತ್ತು. ಕೂತರೆ ಕೈ ಕಣ್ಣೆದುರಿಗೆ ಬರುತ್ತದೆ ಅಂತಲೇ ಈ ತಿಂಗಳು ಟೀ ಅಂಗಡಿಗೆ ಇನ್ನೂ ಹೆಚ್ಚು ಓಡುತ್ತಿದ್ದ.

"ಹಳೇ ಕವರ್ ಐತೇನ್ರಿ ಟೀಚರ್?" ಅಂತ ಕೇಳಿದೆ. ಏನೂ ಬಿಸಾಡದ ಹೆಂಗಸು. ಹಿಂದಿನ ಕೋಣೆಯಲ್ಲಿ ಶೇಂಗಾ ಚೀಲದ ಮೇಲೆ ಹೊದಿಸಿದ್ದ ಹಸಿರು ಹೂವಿನ ಕವರನ್ನು ಕೊಡವಿ ತಂದರು. ಬಣ್ಣ ಹೋಗಿತ್ತು, ಸೀಟಿನ ಕಡೆ ತೂತು ಬಿದ್ದಿತ್ತು. ಸೋಫಾಕ್ಕೆ ಹಾಕಿದರೆ ಎಡದ ಮೂಲೆಯಿಂದ ಬಲದ ಮೂಲೆಗೆ ಬರಾಬರ್ ಕೂತಿತು.

ಕ್ಯಾತಣ್ಣ ಅದನ್ನು ಬಿಚ್ಚಿ ತೆಗೆದ. ಆಮೇಲೆ ಎರಡೂ ಕವರಿನ ಅಂಚು ಬಿಡಿಸಿ, ಮಡಿಕೆ ತಿರುವಿ, ಒಂದರ ಪಕ್ಕ ಒಂದು ನೆಲದ ಮೇಲೆ ಹಾಸಿದ. ಹಳೆಯದರಲ್ಲಿ ಕೆಂಪು ಗಂಟುಗಳು ಹಾಗೇ ಇದ್ದವು. ಎಣಿಸಿದ. ಅದರಲ್ಲೂ ಎಂಟು ಗೇಣು, ಇದರಲ್ಲೂ ಎಂಟು ಗೇಣು. ಹಳೆಯದು ನಾಲ್ಕು ಬೆರಳು ಉದ್ದ.

ಹಳೆಯದರ ಒಂದು ಗಂಟಿನ ಮೇಲೆ ಹೆಬ್ಬೆರಳು ಇಟ್ಟು ಕೈ ಚಾಚಿದ. ಕಿರುಬೆರಳು ಮುಂದಿನ ಗಂಟು ಮುಟ್ಟಲಿಲ್ಲ. ಅರ್ಧ ಬೆರಳಿನಷ್ಟು ಜಾಗ ಉಳಿಯಿತು. ಎಡಗೈಯಿಂದ ಹೆಬ್ಬೆರಳು ಹಿಂದಕ್ಕೆ ಒತ್ತಿದ. ಇನ್ನೊಂದು ಗಂಟಿನ ಮೇಲೆ ಇಟ್ಟು ನೋಡಿದ. ಅಲ್ಲೂ ಅಷ್ಟೇ.

"ಬಿಡಣ್ಣ," ಅಂದೆ.

"ಇರು," ಅಂದ. ಮೂರನೆಯದರ ಮೇಲೂ ಇಟ್ಟ. ಆಮೇಲೆ ಎದ್ದು, ಹತ್ತಿ ಕಾಣುವ ಆ ಸೋಫಾದ ಮೇಲೆ ಕೂತುಬಿಟ್ಟ. ಗಿರಾಕಿ ಮನೆಯಲ್ಲಿ ಅವನು ಕೂರುವವನಲ್ಲ.

"ನನ್ ಕೈಯೇ ಸಣ್ದಾಗೈತೆ ಕಣಕ್ಕ. ಸುಮ್ನೆ ಊರೆಲ್ಲ ಬೈಕಂಡು ತಿರುಗಿದೆ," ಅಂದ. ಕೈಯನ್ನು ಮಗುಚಿ ನೋಡಿಕೊಂಡು, "ಇನ್ನು ಯಾವುದ್ರಾಗೆ ಅಳೀಲಿ ನಾನು?" ಅಂದ.

ನನ್ನ ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿತ್ತು. ಅಂಗಡಿ ಬಿಟ್ಟು ಹೊರಟರೂ ತೆಗೆಯುವುದು ಮರೆಯುತ್ತೇನೆ. ತೆಗೆದು ಅವನ ಕೈಗೆ ಕೊಟ್ಟಿದ್ದರೆ ಇಪ್ಪತ್ತು ವರ್ಷದ ಜಗಳ ಮುಗಿಯುತ್ತಿತ್ತು. ಕೊಡಲಿಲ್ಲ. ನೆಲಕ್ಕೆ ಕೂತು ಹಳೇ ಕವರಿನ ಗಂಟಿನಿಂದ ಗಂಟಿಗೆ ಟೇಪು ಹಿಡಿದೆ. ಒಂಬತ್ತು ಇಂಚು. ಮುಂದಿನದು ಒಂಬತ್ತು. ಅದರ ಮುಂದಿನದೂ ಒಂಬತ್ತು. ಎಂಟಕ್ಕೆ ಎಂಟೂ ಅಷ್ಟೇ, ಒಂದು ನೂಲು ಆಚೀಚೆ ಇಲ್ಲ. ಟೇಪು ಹಿಡಿದೇ ಕತ್ತರಿಸುವ ನನ್ನ ಬ್ಲೌಸುಗಳು ಇಷ್ಟು ನೆಟ್ಟಗೆ ಬರುತ್ತವೆ ಅಂತ ಆಣೆ ಮಾಡಿ ಹೇಳಲಾರೆ.

"ಬರಾಬರ್ ಒಂಬತ್ತು ಕಣಣ್ಣ. ನಿನ್ ಗೇಣು ಯಾವತ್ತೂ ಸುಳ್ಳು ಹೇಳಿರ್ಲಿಲ್ಲ. ನಾನೇ ಸುಮ್ನೆ ಬಾಯಿ ಬಡ್ಕಂತಿದ್ದೆ," ಅಂದೆ. ಗೀತಮ್ಮ ಕಾಫಿ ತರುತ್ತೇನೆ ಅಂತ ಒಳಗೆ ಹೋದರು.

ಅವನು ಆ ಗಂಟುಗಳನ್ನೇ ನೋಡುತ್ತಾ ಕೂತಿದ್ದ. ಕಾಫಿ ಬಂದಾಗ ಅದನ್ನು ಮುಟ್ಟದೆ, "ಈ ಹಳೇದು ನಂಗೆ ಕೊಡ್ತೀರೇನ್ರಿ ಟೀಚರಮ್ಮ?" ಅಂದ.

"ತಗೊ ಮಾರಾಯ, ಭಾನುವಾರಕ್ಕೆ ಇದೊಂದು ಸರಿ ಮಾಡಿಕೊಡು."

ಹಳೇ ಕವರಿನಲ್ಲಿ ಗಟ್ಟಿ ಉಳಿದಿದ್ದ ಕಡೆಯಿಂದ ಹೊಲಿಗೆಗೂ ಸೇರಿಸಿ ಐದು ಬೆರಳಗಲದ ಪಟ್ಟಿ ಕತ್ತರಿಸಿ, ಗೀತಮ್ಮನವರ ಹಳೇ ಕೈಮಿಷನ್ನಿನಲ್ಲಿ ಹೊಸದಕ್ಕೆ ಕೂಡಿಸಿದ. ಮೆರೂನ್ ಬಟ್ಟೆಯ ತುದಿಗೆ ಹಸಿರು ಹೂವಿನ ಅಂಚು. ಹಿಡಿ ತಿರುಗಿಸಿದ್ದು ನಾನು. ಕೆಲಸ ಮುಗಿಯುವವರೆಗೆ ಒಂದು ಸಲವೂ ಎದ್ದು ಬಾಗಿಲಿಗೆ ಹೋಗಲಿಲ್ಲ ಅವನು. ಬೀಗರು ಬಂದವರು ಅದನ್ನು ಹೊಸ ಫ್ಯಾಷನ್ ಅಂದುಕೊಂಡರಂತೆ. ಗೀತಮ್ಮ ಫೋನಿನಲ್ಲಿ ಹೇಳಿ ನಕ್ಕರು.

ಹಳೇ ಕವರಿನ ಅಂಚಿನಿಂದ ಅವನು ಇನ್ನೊಂದು ತುಂಡನ್ನೂ ಕತ್ತರಿಸಿಕೊಂಡಿದ್ದ. ಒಂದು ಗೇಣಿನದು, ಎರಡು ತುದಿಗೂ ಕೆಂಪು ಗಂಟು. ಈಗ ಅದು ಅವನ ಮಿಷನ್ ಪಕ್ಕದ ಮೊಳೆಯಲ್ಲಿ ನೇತಾಡುತ್ತದೆ, ಗಿರಾಕಿ ಮನೆಗೆ ಅಳತೆಗೆ ಹೋಗುವಾಗ ಜೇಬು ಸೇರುತ್ತದೆ. ಬಟ್ಟೆ ಹಾಸಿ, ಅದನ್ನು ಇಟ್ಟು, ಒಂದು ಅನ್ನುತ್ತಾನೆ, ಎರಡು ಅನ್ನುತ್ತಾನೆ. ಕವರ್ ವಾಪಸ್ ಬರುವುದು ನಿಂತಿದೆ. ಟೀ ಅಂಗಡಿಗೆ ಹೋಗುವುದು ನಿಂತಿಲ್ಲ, ಆದರೆ ಲೋಟ ಖಾಲಿ ಮಾಡಿ ಬರುತ್ತಾನೆ.

ಮೊನ್ನೆ ಮೊಳಕಾಲ್ಮುರಿನಿಂದ ಬಂದ ಗಿರಾಕಿಯೊಬ್ಬ ಆ ತುಂಡನ್ನು ಬೆರಳಲ್ಲಿ ಎತ್ತಿ, "ಏನಣ್ಣ ಇದು, ಹರಕೆದಾ?" ಅಂತ ಕೇಳಿದ್ದು ತಗಡಿನ ಈಚೆ ನನಗೆ ಕೇಳಿಸಿತು. ನಾನು ಮಿಷನ್ ನಿಲ್ಲಿಸಿದೆ.

"ಇಲ್ಲ ಕಣಪ್ಪ, ನನ್ ಕೈ," ಅಂದ ಕ್ಯಾತಣ್ಣ. "ಹದ್ನೆಂಟು ವರ್ಸದ ಹಿಂದಿಂದು."