ನಾಲ್ಕು ಸೆಂಟಿಮೀಟರಿನ ಸುಳ್ಳು

ಮೂವತ್ತೊಂದನೆಯ ಗಾಡಿ ಇಳಿಜಾರಿನ ಅರ್ಧದಲ್ಲಿದೆ. ಎಡಗೈ ಹ್ಯಾಂಡಲಿನ ಮೇಲೆ, ಬಲಗೈ ಹಿಂಬದಿಯ ಹಿಡಿಯ ಮೇಲೆ, ಸೊಂಟ ಟ್ಯಾಂಕಿಗೆ ಒತ್ತಿಕೊಂಡಿದೆ. ಇಲ್ಲಿ ಉಸಿರು ಬಿಟ್ಟರೆ ಕೆಟ್ಟಿತು, ಗಾಡಿ ಹಿಂದಕ್ಕೆ ಜಾರುತ್ತದೆ. ಹಾಗಾಗಿ ಮುಂದಿನ ಗಾಲಿ ಶೋರೂಮಿನ ಹೊಸ್ತಿಲು ದಾಟಿದ ಮೇಲೆಯೇ ಆಕೆ ಉಸಿರು ಬಿಡುವುದು. ಬೆಳಗಿನ ಆರೂ ಮುಕ್ಕಾಲು. ಸ್ಟ್ಯಾಂಡು ಹಾಕಿ, ಸೆರಗಿನಲ್ಲಿ ಕತ್ತು ಒರೆಸಿಕೊಂಡು, ಟಯರಿನ ಗಾಳಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾಳೆ. ಇನ್ನೊಂದು ಉಳಿದಿದೆ. ಆ ಒಂದನ್ನು ನೆನೆದರೇ ಆಕೆಗೆ ಮೈ ಉರಿಯುತ್ತದೆ.

ಆಕೆಯ ಎತ್ತರ ಐದಡಿಗೆ ಒಂದಿಂಚು ಕಡಿಮೆ, ತೂಕ ನಲವತ್ತೆಂಟು ಕಿಲೊ. ಹನ್ನೊಂದು ವರ್ಷಗಳಿಂದ ದಿನಾ ಬೆಳಿಗ್ಗೆ ಮೂವತ್ತೆರಡು ಮೋಟಾರ್ ಸೈಕಲ್ಲುಗಳನ್ನು ಗೋದಾಮಿನಿಂದ ಶೋರೂಮಿಗೆ ತಳ್ಳುತ್ತಾಳೆ, ಸಂಜೆ ಮತ್ತೆ ಒಳಗೆ ಸೇರಿಸುತ್ತಾಳೆ. ನಡುವೆ ನೆಲ ಒರೆಸುವುದು, ಗಾಜು ಉಜ್ಜುವುದು, ಚೈನಿಗೆ ಎಣ್ಣೆ, ಬ್ಯಾಟರಿ ತಪಾಸಣೆ. ಹಾಜರಿ ಪುಸ್ತಕದಲ್ಲಿ ಆಕೆಯ ಮುಂದೆ ಬರೆದಿರುವುದು ‘ಶುಚಿ ಕೆಲಸ’ ಎಂದಷ್ಟೆ. ಬ್ಯಾಟರಿ ನೋಡುವುದು ಯಾವಾಗಿನಿಂದ ಕಸ ಗುಡಿಸುವ ಲೆಕ್ಕಕ್ಕೆ ಬಂತೋ ಯಾರೂ ಹೇಳಿಲ್ಲ. ಹೊಸ ಗಾಡಿ ಕೊಡುವಾಗ ಮಾಲೆ ಹಾಕಿ ಫೋಟೊ ತೆಗೆಯುತ್ತಾರಲ್ಲ, ಆಗ ಎಲ್ಲರೂ ಆಕೆಗೆ ಹೇಳುವ ಮಾತು ಒಂದೇ: ಅಕ್ಕ, ಸ್ವಲ್ಪ ಪಕ್ಕಕ್ಕೆ ಸರೀರಿ.

ಕಾವಲುಗಾರ ಆಕೆಗೆ ‘ಹಿಮ್ಮಡಿಯಕ್ಕ’ ಎಂದು ಹೆಸರಿಟ್ಟಿದ್ದಾನೆ. ಇಟ್ಟಿದ್ದು ಗೇಲಿಗೆ. ಗಾಡಿಯ ಮೇಲೆ ಯಾರು ಕೂತರೂ ಬೇರೆಯವರು ಮುಖ ನೋಡಿದರೆ, ಈಕೆ ನೋಡುವುದು ಅವರ ಹಿಮ್ಮಡಿ. ಎರಡೂ ಹಿಮ್ಮಡಿ ನೆಲಕ್ಕೆ ಊರಿದೆಯೇ, ಒಂದೇ ಊರಿದೆಯೇ, ತುದಿಬೆರಳಲ್ಲಿ ನಿಂತು ನಗುತ್ತಿದ್ದಾರೆಯೇ? “ಇವತ್ತು ಯಾರ ಹಿಮ್ಮಡಿಗೆ ನಿಮ್ಮ ದೃಷ್ಟಿ ಅಕ್ಕ?” ಎಂದು ಕಾವಲುಗಾರ ಇವತ್ತೂ ಕೇಳುತ್ತಾನೆ. “ನಿನ್ನದಕ್ಕಂತೂ ಅಲ್ಲ ಬಿಡು, ಅದು ಒಂದು ಕಡೆ ನಿಂತಿದ್ದೇ ನಾನು ನೋಡಿಲ್ಲ” ಎಂದು ಈಕೆ ಬಕೆಟ್ಟು ಎತ್ತಿಕೊಳ್ಳುತ್ತಾಳೆ.

ಗೇಲಿಯ ಹೆಸರೇ ಈಗ ಹೊಸದಾಗಿ ಗಾಡಿ ಕಲಿಯುವವರ ಬಾಯಲ್ಲಿ ಓಡಾಡುತ್ತಿದೆ. ಗೆಳತಿ ಗೆಳತಿಗೆ ಹೇಳಿ ಕಳಿಸುತ್ತಾಳೆ: ಅಲ್ಲಿಗೆ ಹೋದರೆ ಟೈ ಕಟ್ಟಿದವನನ್ನು ಕೇಳಬೇಡ, ನೆಲ ಒರೆಸುವ ಅಕ್ಕನನ್ನು ಕೇಳು. ಮೊದಲ ಗಾಡಿಗೆ ಏನು ಬೇಕು ಎಂದು ಕೇಳಿದರೆ ಆಕೆ ಕಂಪನಿಯ ಹೆಸರು ಹೇಳುವುದಿಲ್ಲ, ಎಂಜಿನ್ನಿನ ಶಕ್ತಿಯ ಮಾತೂ ಎತ್ತುವುದಿಲ್ಲ. ಮೊದಲು ಎಂಜಿನ್ ಆಫ್ ಮಾಡಿಸಿ, ಹತ್ತು ಹೆಜ್ಜೆ ಮುಂದಕ್ಕೆ, ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿಸುತ್ತಾಳೆ. ಹಿಂದಕ್ಕೆ ತಳ್ಳುವಾಗಲೇ ಗಾಡಿ ತನ್ನ ನಿಜ ಹೇಳುತ್ತದಂತೆ. ಆಮೇಲೆ ಕೂರಿಸಿ ಕ್ಲಚ್ಚನ್ನು ಮೂವತ್ತು ಸಲ ಹಿಂಡಿಸುತ್ತಾಳೆ, ಇಪ್ಪತ್ತಕ್ಕೇ ಬೆರಳು ಬೈಯಲು ಶುರು ಮಾಡಿದರೆ ಆ ಗಾಡಿ ಬೇಡ. ಸೀಟಿನ ಎತ್ತರ ಎಷ್ಟೇ ಇರಲಿ, ಮುಂಭಾಗ ಅಗಲವಾಗಿದ್ದರೆ ತೊಡೆ ಹೊರಕ್ಕೆ ಸರಿದು ಕಾಲು ಗಿಡ್ಡವಾಗುತ್ತದೆ ಎಂಬುದು ಆಕೆ ಕಂಡುಕೊಂಡ ಇನ್ನೊಂದು ಸತ್ಯ.

“ಓಡ್ಸೋದು ಯಾರು ಬೇಕಾದ್ರೂ ಓಡಿಸ್ತಾರೆ,” ಎನ್ನುತ್ತಾಳೆ. “ಓಡ್ತಾ ಇದ್ರೆ ಭಾರ ಎಲ್ಲಿ ಗೊತ್ತಾಗುತ್ತೆ? ನಿಲ್ಸೋದ್ರಲ್ಲಿ ಇರೋದು ಎಲ್ಲಾ. ಸಿಗ್ನಲ್‌ನಲ್ಲಿ ನಿಲ್ಸಕ್ಕೆ ಆಗೋ ಗಾಡಿ ಮಾತ್ರ ನಮ್ಮದು.”

ಹಾಗೆ ನಿಲ್ಲಿಸಲು ಆಗುವಂಥದ್ದೊಂದು ಶೋರೂಮಿನ ಮೂಲೆಯಲ್ಲಿ, ಕಿಟಕಿಯ ಪಕ್ಕ ಇದೆ. ರೋಡ್‌ಸ್ಟರ್ ಎನ್ನುತ್ತಾರೆ. ಮೈಮೇಲೆ ಪ್ಲಾಸ್ಟಿಕ್ ಹೊದಿಕೆಯಿಲ್ಲ, ಎಂಜಿನ್ ಕಣ್ಣಿಗೆ ಕಾಣುತ್ತದೆ, ಬೆನ್ನು ನೆಟ್ಟಗಿಟ್ಟು ಓಡಿಸುವಂಥದ್ದು. ನೂರೈವತ್ತನಾಲ್ಕು ಕಿಲೊ. ಪುಟ್ಟ ಗಾಡಿಯೂ ಅಲ್ಲ, ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕುವಷ್ಟು ಕಸುವಿದೆ. ಹ್ಯಾಂಡಲ್ ಸಾಕಷ್ಟು ತಿರುಗುವುದರಿಂದ ಇಕ್ಕಟ್ಟಿನ ಬೀದಿಯಲ್ಲೂ ಒಂದೇ ಸಲಕ್ಕೆ ಹಿಂತಿರುಗಬಹುದು. ಅದನ್ನು ಮೂಲೆಗೆ ತಳ್ಳಿ, ನಡುಮಧ್ಯೆ ದುಂಡನೆಯ ಮರದ ವೇದಿಕೆಯ ಮೇಲೆ, ನಾಲ್ಕು ದೀಪಗಳ ಕೆಳಗೆ ಮೆರೆಸುವುದು ಮೂವತ್ತೆರಡನೆಯ ಗಾಡಿಯನ್ನು. ಇನ್ನೂರ ಎಂಟು ಕಿಲೊ. ಎಲ್ಲರೂ ಅದನ್ನು ಕರೆಯುವುದು ‘ದೊಡ್ಡದು’ ಎಂದು.

ಆ ವೇದಿಕೆಯಲ್ಲೇ ಇದೆ ಮಸಲತ್ತು. ಎರಡೂ ಗಾಲಿ ಕೂರುವಷ್ಟು ಉದ್ದಕ್ಕೆ ಅದರ ಮೇಲೆ ಒಂದು ತೋಡು ಕೊರೆದಿದ್ದಾರೆ. ಗಾಡಿ ಜಾರದಿರಲಿ ಎಂದು ಕೊರೆದಿದ್ದೆಂದು ಬಡಗಿ ಹೇಳಿದ್ದ, ಈಕೆ ನಂಬಿದ್ದಳು. ಗಾಲಿಗಳು ತೋಡಿನಲ್ಲಿ ಇಳಿದು ಕೂತರೆ ಗಾಡಿ ಅಲ್ಲಾಡುವುದಿಲ್ಲ, ಕೂತವರಿಗೆ ಅದರ ಭಾರವೇ ತಿಳಿಯುವುದಿಲ್ಲ. ಸೀಟೂ ಅಷ್ಟೇ ಕೆಳಕ್ಕೆ ಬಂದಿರುತ್ತದೆ, ಕಾಲು ಊರುವುದು ಮಾತ್ರ ತೋಡಿನ ಆಚೀಚೆಯ ಹಲಗೆಯ ಮೇಲೆ. ದಿನಾ ಅದರ ಧೂಳು ಒರೆಸುವವಳಿಗೂ ಇದು ಹೊಳೆಯಲು ಒಬ್ಬರ ಕಾಲು ಮುರಿಯಬೇಕಾಯಿತು.

ಮೂರು ತಿಂಗಳ ಹಿಂದಿನ ಮಾತು. ಶಾಲೆಯ ಟೀಚರೊಬ್ಬರು ಬಂದಿದ್ದರು. ನಲವತ್ತರ ಹತ್ತಿರದ ವಯಸ್ಸು, ಹೊಸ ಲೈಸೆನ್ಸು, ಗಂಡನಿಗೂ ಹೇಳದೆ ಕಲಿತದ್ದು. ಟೆಸ್ಟ್ ರೈಡಿನ ಗಾಡಿ ಆ ವಾರ ರಿಪೇರಿಯಲ್ಲಿತ್ತು. ಸೇಲ್ಸಿನವನು ಅವರನ್ನು ವೇದಿಕೆಯ ಮೇಲೆ, ದೊಡ್ಡದರ ಮೇಲೆ ಕೂರಿಸಿದ. ಟೀಚರು ಅವನ ಮಾತು ಕೇಳುತ್ತಲೇ ಕಣ್ಣಲ್ಲಿ ಹಿಮ್ಮಡಿಯಕ್ಕನನ್ನು ಹುಡುಕಿದರು. ಈಕೆ ಒರೆಸುವ ಕೋಲು ಹಿಡಿದು ನಿಂತಿದ್ದವಳು ಬಗ್ಗಿ ನೋಡಿದಳು. ಎರಡೂ ಹಿಮ್ಮಡಿ ಅಂಟಿಸಿದ ಹಾಗೆ ಊರಿತ್ತು. ಈಕೆ ತಲೆಯಾಡಿಸಿದಳು.

ಟೀಚರಿಗೆ ಅಂಥದ್ದೇ ಹೊಸ ಗಾಡಿ ಕೊಟ್ಟ ದಿನ, ಮಾಲೆ ಇನ್ನೂ ಹ್ಯಾಂಡಲಿನಲ್ಲಿರುವಾಗಲೇ, ಶೋರೂಮಿನ ಗೇಟಿನ ಹತ್ತಿರ ಟೀಚರು ನಿಲ್ಲಿಸಲು ಹೋದರು. ಕಾಲು ಚಾಚಿದರೆ ನೆಲ ಸಿಗಲಿಲ್ಲ. ಇನ್ನೂರ ಎಂಟು ಕಿಲೊ ಅವರ ಕಣಕಾಲಿನ ಮೇಲೆ ಬಿತ್ತು. ಓಡಿ ಹೋಗಿ ಗಾಡಿ ಎತ್ತಿದ್ದು ಈಕೆಯೇ. ಮ್ಯಾನೇಜರು ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ, ಆಗದವರಿಗೆಲ್ಲ ಇದು ಯಾಕೆ ಬೇಕಿತ್ತೋ ಎಂದರು. ಆಂಬುಲೆನ್ಸಿನಲ್ಲಿ ಮಲಗಿದ್ದ ಟೀಚರು ಅದನ್ನು ಒಪ್ಪಿಕೊಂಡವರ ಹಾಗೆ ಕಣ್ಣು ಮುಚ್ಚಿಕೊಂಡರು. ಹಿಮ್ಮಡಿಯಕ್ಕನಿಗೆ ಇವತ್ತಿಗೂ ಮರೆಯಲಾಗದ್ದು ಮುರಿದ ಕಾಲಲ್ಲ, ಹಾಗೆ ಮುಚ್ಚಿಕೊಂಡ ಕಣ್ಣು.

ಮರುದಿನವೇ ಆಕೆ ಗಂಡನ ಅಳತೆ ಟೇಪು ತಂದಳು. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ, ಟೇಪು ಸದಾ ಅವನ ಕೊರಳಲ್ಲಿ. ಬೆಳಗಿನ ಆರಕ್ಕೆ, ಶೋರೂಮಿನಲ್ಲಿ ಯಾರೂ ಇಲ್ಲದಾಗ, ತೋಡಿನೊಳಗೆ ಟೇಪು ಇಳಿಸಿ ನೋಡಿದಳು. ನಾಲ್ಕು ಸೆಂಟಿಮೀಟರ್. ಕಾಗದದಲ್ಲಿ ಬರೆದರೆ ಒಂದು ಗೆರೆ. ಕಾಲಿನ ಕೆಳಗಾದರೆ ಹಿಮ್ಮಡಿಗೂ ತುದಿಬೆರಳಿಗೂ ನಡುವಿನ ಅಂತರ. ಅಂದರೆ ತಾನು ನೋಡಿದ ಹಿಮ್ಮಡಿಯೇ ಸುಳ್ಳು. ಹನ್ನೊಂದು ವರ್ಷ ಬರೀ ಕಾಲನ್ನೇ ನೋಡಿದವಳು ಕಾಲು ಎಲ್ಲಿ ಊರಿದೆ ಎಂದು ನೋಡಲಿಲ್ಲ.

ಮ್ಯಾನೇಜರಿಗೆ ಹೋಗಿ ಹೇಳಿದಳು. ಹೇಳಲು ಎರಡು ದಿನ ಧೈರ್ಯ ಕೂಡಿಸಿಕೊಂಡಿದ್ದಳು. ಗೊತ್ತಿರಲಿಲ್ಲ ಎನ್ನುತ್ತಾರೆ, ಬಡಗಿಯನ್ನು ಕರೆಸುತ್ತಾರೆ ಎಂದು ಅಂದುಕೊಂಡಿದ್ದಳು. ಅವರು ಫೋನಿನಿಂದ ತಲೆಯೆತ್ತದೆ ಹೇಳಿದ್ದು ಇಷ್ಟು: “ಅದು ಹಾಗೇ ಇರ್ಲಿ. ಕೂತವರಿಗೆ ಧೈರ್ಯ ಬರುತ್ತೆ.”

ಧೈರ್ಯ! ಆ ಮಾತನ್ನು ಈಗ ನೆನೆದು ಹೇಳುವಾಗ ಆಕೆಯ ಕೈಯಲ್ಲಿರುವ ಒದ್ದೆ ಬಟ್ಟೆಯಿಂದ ಕೊನೆಯ ಹನಿಯೂ ಹೊರಬರುತ್ತದೆ, ಅಷ್ಟು ಬಿಗಿಯಾಗಿ ಹಿಂಡುತ್ತಾಳೆ. ಅದೇ ವಾರ ಹಿತ್ತಲಿಗೆ ಗ್ರಾಹಕರು ಹೋಗಬಾರದೆಂದು ಬೋರ್ಡು ಬಿತ್ತು. ಸಮತಟ್ಟಾದ ಆ ಹಿತ್ತಲಲ್ಲೇ ಆಕೆ ಹೊಸಬರಿಂದ ಗಾಡಿ ತಳ್ಳಿಸುತ್ತಿದ್ದುದು. ಆಕೆಗೂ ಅಲ್ಲೇ ಒಬ್ಬ ವಯಸ್ಸಾದ ಮೆಕ್ಯಾನಿಕ್ಕು ಓಡಿಸಲು ಕಲಿಸಿದ್ದ. ನಲವತ್ತೊಂದನೆಯ ವಯಸ್ಸಿನಲ್ಲಿ ಲೈಸೆನ್ಸು ಬಂದಾಗ ಗಂಡ ಅದನ್ನು ಬೆಳಕಿಗೆ ಹಿಡಿದು ನೋಡಿ, ಫೋಟೊದಲ್ಲಿ ಇಷ್ಟು ಸಿಟ್ಟು ಯಾರ ಮೇಲೆ ಎಂದಿದ್ದನಂತೆ. ಈಗ ಆಕೆಗೆ ನಲವತ್ತೇಳು. ಸ್ವಂತ ಗಾಡಿಯಿಲ್ಲ, ಮೊದಲ ಬಸ್ಸಿಗೆ ಬಂದು ಕತ್ತಲಾಗುವ ಮುಂಚಿನ ಬಸ್ಸಿಗೆ ಹೋಗುತ್ತಾಳೆ.

ಇವತ್ತು ಶನಿವಾರ. ಹನ್ನೊಂದು ಗಂಟೆಗೆ ಆಸ್ಪತ್ರೆಯ ನರ್ಸೊಬ್ಬಳು ದೊಡ್ಡದನ್ನು ನೋಡಲು ಬರುತ್ತಾಳೆಂದು ನಿನ್ನೆಯೇ ಸುದ್ದಿ. ಸೇಲ್ಸಿನವನು ದೊಡ್ಡದಕ್ಕೆ ಚೆನ್ನಾಗಿ ಹೊಳಪು ಕೊಡಿ ಎಂದು ಹೇಳಿ ಹೋಗಿದ್ದಾನೆ. ಹಿಮ್ಮಡಿಯಕ್ಕ ಹೊಳಪು ಕೊಡುತ್ತಾಳೆ, ಕನ್ನಡಿಯ ಹಾಗೆ ಮುಖ ಕಾಣುವಷ್ಟು. ಆಮೇಲೆ ಅದನ್ನು ವೇದಿಕೆಯ ಮೇಲೆ ಏರಿಸಿ, ತೋಡಿನಿಂದ ಒಂದು ಗೇಣು ಈಚೆಗೆ, ಸಮ ಹಲಗೆಯ ಮೇಲೆ ಸ್ಟ್ಯಾಂಡು ಹಾಕುತ್ತಾಳೆ. ತೋಡಿನೊಳಗೆ ಅರ್ಧ ಚೊಂಬು ಸೋಪಿನ ನೀರು ಸುರಿಯುತ್ತಾಳೆ.

ನರ್ಸು ಅಣ್ಣನ ಜೊತೆ ಬರುತ್ತಾಳೆ. ಅಣ್ಣ ಆರಡಿಯವನು, ತಂಗಿಯ ಪರವಾಗಿ ಉತ್ತರ ಕೊಡುವವನೂ ಅವನೇ. ಸೇಲ್ಸಿನವನು ಮಾತಾಡುವುದೂ ಅವನೊಂದಿಗೇ. ದೊಡ್ಡದರ ಮೇಲೆ ಮೊದಲು ಕೂರುವುದೂ ಅವನೇ. ಕೂತು, ಎರಡು ಸಲ ಕುಪ್ಪಳಿಸಿ, ಇದೇ ಸರಿ ಎನ್ನುತ್ತಾನೆ. ಗಾಡಿ ಯಾಕೆ ಹಳ್ಳದಲ್ಲಿಲ್ಲ ಎಂದು ಸೇಲ್ಸಿನವನು ಕಣ್ಣಲ್ಲೇ ಕೇಳುತ್ತಾನೆ. “ಸೋಪು ನೀರು ನಿಂತಿದೆ ಸರ್, ಗಾಲಿ ಇಟ್ರೆ ಜಾರುತ್ತೆ” ಎಂದು ಈಕೆ ಮುಖ ಬಗ್ಗಿಸಿಕೊಂಡು ನೆಲ ಒರೆಸುತ್ತಾಳೆ.

ನರ್ಸು ಹತ್ತಿ ಕೂರುತ್ತಾಳೆ. ತುದಿಬೆರಳು ತಾಗುತ್ತದೆ, ಗಾಡಿ ಎಡಕ್ಕೊಮ್ಮೆ ವಾಲಿದ್ದೇ ಅವಳ ಮುಖ ಬಿಳಿಚಿಕೊಳ್ಳುತ್ತದೆ. ಅಣ್ಣ ಹಿಡಿದುಕೊಳ್ಳುತ್ತಾನೆ. ಎರಡು ದಿನದಲ್ಲಿ ಅಭ್ಯಾಸ ಆಗುತ್ತೆ ಮೇಡಂ ಎಂದು ಸೇಲ್ಸಿನವನು. ಎಲ್ಲದಕ್ಕೂ ಹೆದರ್ತಾಳೆ ಇವಳು ಎಂದು ಅಣ್ಣ. ನರ್ಸು ಇಳಿದು ಸೀದಾ ಕಿಟಕಿಯ ಹತ್ತಿರ ಹೋಗುತ್ತಾಳೆ. ಅಲ್ಲಿ ಹಿಮ್ಮಡಿಯಕ್ಕ ರೋಡ್‌ಸ್ಟರಿನ ಟ್ಯಾಂಕು ಒರೆಸುತ್ತಿದ್ದಾಳೆ, ಅದನ್ನು ಬೆಳಗ್ಗೆಯಿಂದ ಮೂರನೆಯ ಸಲ ಒರೆಸುತ್ತಿರುವುದು.

ಹತ್ತು ಹೆಜ್ಜೆ ಮುಂದಕ್ಕೆ, ಹತ್ತು ಹೆಜ್ಜೆ ಹಿಂದಕ್ಕೆ. ಮೂವತ್ತು ಸಲ ಕ್ಲಚ್ಚು. ನರ್ಸು ಕೂರುತ್ತಾಳೆ. ಹೊಳೆಯುವ ಸಮ ನೆಲದ ಮೇಲೆ, ತೋಡಿಲ್ಲದ ನೆಲದ ಮೇಲೆ, ಎರಡೂ ಹಿಮ್ಮಡಿ ಊರುತ್ತದೆ. ಆದರೂ ಅವಳಿಗೆ ಒಂದು ಅಳುಕು. ದನಿ ತಗ್ಗಿಸಿ ಕೇಳುತ್ತಾಳೆ: “ಇದು ಹುಡುಗೀರ ಗಾಡಿ ಅಂತಾರಲ್ಲ ಅಕ್ಕ?”

“ಗಾಡಿಗೆ ಅದೆಲ್ಲ ಗೊತ್ತಾಗಲ್ಲ ಕಣಮ್ಮ. ನಿನ್ನ ಕಾಲು ಗೊತ್ತಾಗುತ್ತೆ, ಅಷ್ಟೆ.”

ನರ್ಸು ಟೆಸ್ಟ್ ರೈಡಿಗೆ ಹೋಗಿ, ಸಿಗ್ನಲ್ಲಿನಲ್ಲಿ ನಾಲ್ಕು ಸಲ ನಿಂತು, ನಗುತ್ತ ಬರುತ್ತಾಳೆ. ಸೇಲ್ಸಿನವನು ತಾನೇ ಆರಿಸಿಕೊಟ್ಟವನ ಹಾಗೆ ಅವಳಿಗೆ ಶುಭಾಶಯ ಹೇಳುತ್ತಾನೆ. ಅಣ್ಣ, ನಾನು ಮೊದಲೇ ಇದನ್ನೇ ಅಂದುಕೊಂಡಿದ್ದೆ ಎನ್ನುತ್ತಾನೆ. ಯಾರೋ ಫೋನು ತೆಗೆದು ಫೋಟೊಗೆ ನಿಲ್ಲಿಸುತ್ತಾರೆ. ಅಕ್ಕ ಹೇಳಿಸಿಕೊಳ್ಳದೆಯೇ ಪಕ್ಕಕ್ಕೆ ಸರಿಯುತ್ತಾಳೆ.

ಮಧ್ಯಾಹ್ನದ ಹೊತ್ತಿಗೆ ತೋಡು ಒಣಗಿ, ದೊಡ್ಡದು ಮತ್ತೆ ತನ್ನ ಜಾಗದಲ್ಲಿ ಇಳಿದು ಕೂತಿದೆ. ಇಳಿಸಿದ್ದು ಸೇಲ್ಸಿನವನೇ, ಈಕೆಯ ಕಡೆ ಒಂದು ನೋಟ ಬೀರಿ. ಸೋಮವಾರ ಮತ್ತೆ ಯಾರಾದರೂ ಬರುತ್ತಾರೆ. ದಿನಾ ಸೋಪಿನ ನೀರು ಸುರಿಯಲು ಆಗುವುದಿಲ್ಲ, ಅದು ಆಕೆಗೂ ಗೊತ್ತು. ಕೆಲಸ ಹೋದರೆ ಈ ವಯಸ್ಸಿನಲ್ಲಿ ಇನ್ನೊಂದು ಕಡೆ ನೆಲ ಒರೆಸುವ ಕೆಲಸ ಸಿಕ್ಕೀತು, ಗಾಡಿ ತಳ್ಳುವ ಕೆಲಸ ಸಿಗುವುದಿಲ್ಲ. ತಳ್ಳುವುದು ಕಷ್ಟವಲ್ಲವೇ ಎಂದರೆ ಆಕೆಗೆ ಬೇಸರವಾಗುತ್ತದೆ. “ಬೆಳಿಗ್ಗೆ ಅಷ್ಟು ಗಾಡಿನೂ ನನ್ನ ಸೊಂಟಕ್ಕೆ ಒರಗಿಕೊಂಡೇ ಮೇಲೆ ಬರೋದು. ಒಂದನ್ನೂ ಬೀಳಿಸಿಲ್ಲ ನಾನು,” ಎನ್ನುತ್ತಾಳೆ. ಆಮೇಲೆ, ತನಗೇ ಹೇಳಿಕೊಂಡ ಹಾಗೆ, “ಒಂದನ್ನ ಬಿಟ್ಟು” ಎಂದು ಸೇರಿಸುತ್ತಾಳೆ.

ಆ ಒಂದು ಗಾಡಿ ಟೀಚರ ಮನೆಯ ಅಂಗಳದಲ್ಲಿ ಹಾಸಿಗೆಯ ಹಳೆ ಚಾದರ ಹೊದ್ದು ನಿಂತಿದೆಯಂತೆ. ಸರ್ವಿಸಿಗೆ ನೆನಪಿಸಲು ಶೋರೂಮಿನಿಂದ ಫೋನು ಮಾಡಿದಾಗ, ನನ್ನ ಕೈಲಾಗುವ ಕೆಲಸವಲ್ಲ, ಮಾರಿಬಿಡುತ್ತೇನೆ, ಇನ್ನು ಯಾವ ಗಾಡಿಯೂ ಬೇಡ ಎಂದರಂತೆ. ಫೋನು ಮಾಡಿದ ಹುಡುಗಿ ಅದನ್ನು ನಗುತ್ತ ಎಲ್ಲರಿಗೂ ಹೇಳಿದಳು. ಈಕೆ ಆಗ ಗಾಜು ಉಜ್ಜುತ್ತಿದ್ದಳು.

ಸಂಜೆ ಮನೆಗೆ ಬಂದಾಗ ಗಂಡ ಅರ್ಧ ಕತ್ತರಿಸಿದ ಬಟ್ಟೆಯ ಮುಂದೆ ಕೂತು ಟೇಪಿಗಾಗಿ ತಡಕಾಡುತ್ತಿದ್ದಾನೆ. ಬೆಳಗ್ಗೆಯಿಂದ ಹುಡುಕುತ್ತಿದ್ದೇನೆ, ಇದೇನು ಕಾಲು ಬಂದು ನಡೆದು ಹೋಯಿತೇ ಎಂದು ಗೊಣಗುತ್ತಾನೆ. ಮಗಳು ತನ್ನ ಪುಸ್ತಕದಿಂದ ತಲೆಯೆತ್ತಿ, ಅಪ್ಪ ನಿಮ್ಮ ಕೊರಳಲ್ಲೇ ನೋಡ್ಕೊಳ್ಳಿ, ಆವತ್ತು ಕನ್ನಡಕ ತಲೆ ಮೇಲಿಟ್ಟುಕೊಂಡೇ ಹುಡುಕಿದ ಕಥೆಯೇ ಇರಬೇಕು ಎನ್ನುತ್ತಾಳೆ. ಅವನು ನಿಜಕ್ಕೂ ಕೊರಳು ಮುಟ್ಟಿ ನೋಡಿಕೊಳ್ಳುತ್ತಾನೆ. ತಾಯಿಗೂ ನಗು ಬರುತ್ತದೆ. ಹಳೆಯ ಟೇಪೊಂದು ಡಬ್ಬಿಯಲ್ಲಿದೆ, ಅದನ್ನೇ ತೆಗೆದುಕೊಡುತ್ತಾಳೆ.

ಹೊಸ ಟೇಪು ಇವತ್ತು ಬೆಳಗ್ಗೆಯಿಂದ ಆಕೆಯ ಚೀಲದ ಒಳಜೇಬಿನಲ್ಲಿದೆ, ನಾಲ್ಕನೆಯ ಸೆಂಟಿಮೀಟರಿನ ಮೇಲೆ ಪೆನ್ನಿನ ಗುರುತಿನೊಂದಿಗೆ. ನಾಳೆ ಭಾನುವಾರ, ಶೋರೂಮಿಗೆ ರಜೆ. ಟೀಚರ ಮನೆ ಎಲ್ಲಿ ಎಂಬುದು ಡೆಲಿವರಿ ಪುಸ್ತಕದಲ್ಲಿ ಇತ್ತು, ಧೂಳು ಒರೆಸುವಾಗ ಓದಿಕೊಂಡಿದ್ದಾಳೆ. ಎರಡು ಬಸ್ಸು ಬದಲಿಸಬೇಕು. ಮೊದಲು ತಾನು ತಲೆಯಾಡಿಸಿದ್ದನ್ನು ಹೇಳಬೇಕು, ಆಮೇಲೆ ಟೇಪನ್ನು ಬಿಚ್ಚಿ ಅವರ ಕೈಗೆ ಕೊಡಬೇಕು. ತಪ್ಪು ನಿಮ್ಮ ಕಾಲಿನದಲ್ಲ ಟೀಚರ್. ಈ ಮಾತನ್ನು ಬಸ್ಸಿನಲ್ಲಿ ಎರಡು ಸಲ ಮನಸ್ಸಿನಲ್ಲೇ ಆಡಿ ನೋಡಿದ್ದಾಳೆ, ಎಲ್ಲೂ ತಡವರಿಸಲಿಲ್ಲ.

ಏನು ಯೋಚನೆ ಎಂದು ಗಂಡ ಕೇಳುತ್ತಾನೆ. ಏನಿಲ್ಲ ಎಂದು ಹೇಳಿ, ನಾಳೆ ಉಡಬೇಕಾದ ಸೀರೆಯನ್ನು ತೆಗೆದು, ನೆರಿಗೆಯ ಸುಕ್ಕುಗಳನ್ನು ಅಂಗೈಯಲ್ಲಿ ನೀವುತ್ತಾಳೆ.