ಹೆತ್ತೆಯಮ್ಮನ ದಾರಿಯಲ್ಲಿ ಹವಾಲ್ದಾರನ ಕೋಟೆ

ಬೆಟ್ಟದ ಮೇಲಿನ ನಮ್ಮ ಸೋಲೂರು ಕಡೆ ಕ್ಯಾರೆಟ್ ಸಿಹಿಯಾಗುವುದು ಬೆಳೆದವನಿಗಿಂತ ಮೂರು ದಿನ ಮೊದಲೇ ಕಾಡುಹಂದಿಗೆ ಗೊತ್ತಾಗುತ್ತದೆ. ಹವಾಲ್ದಾರ್ ಮಲ್ಲನ ಒಂದೆಕರೆಯನ್ನು ಅವು ಎರಡು ವರ್ಷ ಟ್ರ್ಯಾಕ್ಟರಿಗಿಂತ ಚೆನ್ನಾಗಿ ಉತ್ತುಕೊಟ್ಟವು. ಮೂರನೆಯ ವರ್ಷ ಅವನ ಹೆಂಡತಿ ಲಿಂಗಿ ಅಂಗಳದಲ್ಲಿ ಸಾವಿರ ಟೀ ಸಸಿ ತಂದಿಳಿಸಿದಳು.

"ಈ ಬೆಳೆಯೂ ಹಂದಿಗೆ ಹೋದರೆ ಹೊಲಕ್ಕೆ ಟೀ. ಆಮೇಲೆ ಮಾತಿಲ್ಲ."

ನಮ್ಮ ಹಟ್ಟಿಯಲ್ಲಿ ಟೀ ಆಗದೆ ಉಳಿದ ಕೊನೆಯ ತರಕಾರಿ ಹೊಲ ಅದು. ಮಲ್ಲನ ಪ್ರಾಣ ಅದರಲ್ಲೇ ಇತ್ತು.

ಸೈನ್ಯದ ಇಪ್ಪತ್ತನಾಲ್ಕು ವರ್ಷದಲ್ಲಿ ಅವನು ಗುಂಡು ಹಾರಿಸಿದ್ದಕ್ಕಿಂತ ಮಣ್ಣು ಅಗೆದದ್ದೇ ಹೆಚ್ಚು. ಪಂಜಾಬ್ ಗಡಿಯಲ್ಲಿ ಕಂದಕ ತೋಡಿ, ಅದೇ ಮಣ್ಣಿನಲ್ಲಿ ಏರಿ ಹಾಕಿ, ಏರಿಯೊಳಗೆ ಬಂಕರ್ ಕೂರಿಸುವ ದಳ ಅವನದು. ಅದೇ ನಕ್ಷೆ ಈಗ ಹೊಲಕ್ಕಿಳಿಯಿತು. ಸುತ್ತ ಆರಡಿ ಕಂದಕ, ಒಳಗೆ ಏರಿ. ಅವನು ಎಸೆದ ಮಣ್ಣು ಬೆಟ್ಟದಾಚೆ ಕೂನೂರಿನಲ್ಲಿ ಬಿತ್ತು; ನಂಬದವರು ಹೋಗಿ ನೋಡಬಹುದು.

ಒಂದೇ ಕಡೆ ಹನ್ನೆರಡಡಿ ಬಿಟ್ಟ. ನಮ್ಮ ಕುಲದೇವತೆ ಹೆತ್ತೆಯಮ್ಮನ ಹಬ್ಬಕ್ಕೆ ನಾವು ಬಿಳಿ ಉಟ್ಟು ಬರಿಗಾಲಲ್ಲಿ ನಡೆಯುವ ದಾರಿ ಅಲ್ಲಿಂದ ಹೊಲದೊಳಗೇ ಹಾಯ್ದು, ಆಚೆ ಕಡೆ ಹಂದಿ ಹತ್ತಿಳಿಯಲಾಗದ ಬಂಡೆ ಏರುತ್ತದೆ. ಅಮ್ಮನ ದಾರಿಗೆ ನಮ್ಮವರು ಗುದ್ದಲಿ ಹಾಕುವುದಿಲ್ಲ, ಗೇಟೂ ಇಡುವುದಿಲ್ಲ. ಒಂದು ಮುಂಜಾನೆ ಮಂಜಿನಲ್ಲಿ ಹಂದಿಗಳು ಅದೇ ದಾರಿಯಲ್ಲಿ ಸಾಲುಗಟ್ಟಿ ಬಂದವು, ಬಿಳಿ ಉಡುವುದೊಂದು ಬಾಕಿ. ಕಾಲು ಹೊಲ ಹೋಯಿತು.

ಟೀ ಅಂಗಡಿಯಲ್ಲಿ ಕೇಳಿದೆ. "ಏನು ಮಲ್ಲ, ಕಂದಕ ತೋಡಿದ್ದು ಮೊಲಕ್ಕಾ?"

"ಫ್ರಾನ್ಸಿನವರದೂ ಇದೇ ಕತೆ ಅಣ್ಣ. ನೆಲದೊಳಗೆ ರೈಲು ಓಡುವಂಥ ಕೋಟೆಸಾಲು ಕಟ್ಟಿದರು. ಒಂದು ಕಡೆ ಬರೀ ದಟ್ಟ ಕಾಡು, ಟ್ಯಾಂಕ್ ಬರಲ್ಲ ಅಂತ ಅಲ್ಲಿ ತೆಳ್ಳಗೆ ಬಿಟ್ಟರು. ಜರ್ಮನ್ನರು ಅಲ್ಲೇ ನುಗ್ಗಿದರು. ಕಟ್ಟಿದ ಕಡೆ ಸೋಲಲಿಲ್ಲ, ಬಿಟ್ಟ ಕಡೆ ಸೋತರು."

"ಬಿಟ್ಟ ಕಡೆ ಶತ್ರು ಬರೋದು ಖಾತ್ರಿ ಇದ್ದರೆ, ಬಂದವನಿಗೆ ಅಲ್ಲೇ ದಾರಿ ತಪ್ಪಿಸಬಹುದಿತ್ತಲ್ಲಪ್ಪ," ಎಂದೆ, ಸುಮ್ಮನೆ ಬಾಯಿಗೆ ಬಂದದ್ದು.

ಮಲ್ಲ ಅರ್ಧ ಟೀ ಬಿಟ್ಟು ಎದ್ದ. ಅವನ ಜನ್ಮದಲ್ಲೇ ಮೊದಲು.

ದಾರಿ ಅಗೆಯಲಿಲ್ಲ, ಮುಚ್ಚಲೂ ಇಲ್ಲ. ಹತ್ತಡಿ ಒಳಗೆ ಎದೆಮಟ್ಟದ ಕಲ್ಲುಗೋಡೆ ಅಡ್ಡ ಎತ್ತಿದ. ಬಲಕ್ಕೆ ತಿರುಗಿದರೆ ಗೋಡೆ ದಾಟುವ ಮೆಟ್ಟಿಲು. ನಮ್ಮಂಥ ಮುದುಕರು ಹತ್ತಬಹುದು, ಗೊರಸು ಜಾರುತ್ತದೆ. ಎಡಕ್ಕೆ ಸಲೀಸಾದ ಇಳಿಜಾರು. ಅದು ಇಳಿಯುವುದು ಕಂದಕಕ್ಕೆ, ಕಂದಕ ಸೇರುವುದು ಕೆಳಗಿನ ಹಳ್ಳಕ್ಕೆ.

ಮರುವಾರ ಬೆಳಿಗ್ಗೆ ಕೊಡೆ ಹಿಡಿದು ಏರಿಯ ಮೇಲೆ ಕೂತೆವು. ನಲವತ್ತು ಹಂದಿ ಬಂದವು. ಒಂಬತ್ತು ಎನ್ನುತ್ತಾಳೆ ಲಿಂಗಿ. ಅವಳಿಗೆ ಕಣ್ಣು ಮಂದ. ಗೋಡೆಗೆ ಮೂತಿ ತಾಗಿಸಿದವು, ಮೆಟ್ಟಿಲು ಮೂಸಿದವು, ಎಡಕ್ಕಿಳಿದು ಕಂದಕದಲ್ಲಿ ಮೆರವಣಿಗೆ ಹೊರಟು ಹಳ್ಳ ಸೇರಿದವು. ಮತ್ತೆ ಬಂದವು, ಮತ್ತೆ ಹಳ್ಳ. ಮೂರನೆಯ ಸಲ ಮುಂದಾಳು ಹಂದಿಯ ಮುಖ, ಮಂಜೂರು ಬಸ್ಸೆಂದು ಹತ್ತಿ ಸೋಲೂರಲ್ಲೇ ಇಳಿದವನ ಮುಖವಾಗಿತ್ತು.

ಕೊಯ್ಲಿನವರೆಗೆ ಒಂದು ಕ್ಯಾರೆಟ್ಟೂ ಹೋಗಲಿಲ್ಲ. ಒಂದನ್ನು ಹೊರಲು ಇಬ್ಬರು ಬೇಕಾಯಿತು.

ಹಬ್ಬದ ಮಾರನೆಯ ದಿನ ಲಿಂಗಿ ಗುದ್ದಲಿ ಹಿಡಿದು ಹೊರಟಳು. ಟೀ ಹೊಲಕ್ಕೇ ಎಂದುಕೊಂಡು ಮಲ್ಲ ಬೆನ್ನಹಿಂದೆಯೇ ಹೋಗಿ ನಿಂತ. ಅವಳು ಹೊಲ ದಾಟಿ, ಟೀ ಸಸಿಗಳನ್ನು ಏರಿಯ ಉದ್ದಕ್ಕೂ ನೆಡತೊಡಗಿದಳು.

"ಸುಮ್ಮನೆ ನಿಂತಿದ್ದೀರಲ್ಲ, ನೀರು ತನ್ನಿ. ಬೇರು ಬಿಟ್ಟರೆ ನಿಮ್ಮ ಕೋಟೆ ಮಳೆಗೆ ಕರಗಲ್ಲ."

ಕರ್ನಲ್‌ಗೂ ಹೊಡೆಯದಂಥ ಸಲ್ಯೂಟ್ ಹೊಡೆದು ಹವಾಲ್ದಾರ್ ನೀರಿಗೆ ಓಡಿದ.